ಯಾರನ್ನು ಕೇಳುವುದು?

ಹಳೆಯ ಮನೆಯ ಗೋಡೆಯೊಂದನ್ನು ಒಡೆಯಿಸಬೇಕೆಂದು ಮನಸ್ಸು ಮಾಡಿದಾಗ ಮೊದಲು ಏಳತಕ್ಕ ಪ್ರಶ್ನೆ, ಯಾರನ್ನು ಕೇಳುವುದು ಎಂಬುದು. ಹೋದ ಹಬ್ಬಕ್ಕೆ ಸುಣ್ಣ ಬಳಿದವನು ಹತ್ತಿರದಲ್ಲಿಯೇ ಇರುತ್ತಾನೆ. ಗೋಡೆಯ ಮೇಲೆ ಕಡೆಯ ಸಲ ಕೈಯಾಡಿಸಿದವನೂ ಅವನೇ. ಆದರೆ ಆ ಗೋಡೆ ತೊಲೆಯನ್ನು ಹೊತ್ತಿದೆಯೋ ಇಲ್ಲವೋ ಅವನು ಬಲ್ಲನೆ? ಬಲ್ಲವನು ಅದನ್ನು ಕಟ್ಟಿದ ಮೇಸ್ತ್ರಿ. ಇಷ್ಟು ಸಾಮಾನ್ಯ ವಿವೇಕವನ್ನು ನಾವು ಉದ್ಯೋಗದಲ್ಲಿ ಮರೆತು ಒಮ್ಮೆ ಚೆನ್ನಾಗಿ ಪೆಟ್ಟು ತಿಂದೆವು.

ನಮ್ಮ ಉದ್ಯೋಗ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವುದು. ವಾಚಕರಲ್ಲಿ ಅನೇಕರ ಮಕ್ಕಳೋ ಸೊಸೆಯಂದಿರೋ ಇದೇ ಕಸಬಿನಲ್ಲಿರಬಹುದು. ಅವರು ಊಟಕ್ಕೆ ಕರೆದರೂ ಏಳದೆ "ಇನ್ನೂ ರಿವ್ಯೂ ಆಗಿಲ್ಲ" ಎಂದು ಗೊಣಗುವುದನ್ನು ಕೇಳಿರಲೂಬಹುದು. ರಿವ್ಯೂ ಎಂದರೆ, ಒಬ್ಬರು ಮಾಡಿದ ತಿದ್ದುಪಡಿಯನ್ನು ಮತ್ತೊಬ್ಬರು ಓದಿ ಒಪ್ಪಿದ ಹೊರತು ಅದು ಬಳಕೆಗೆ ಬರಕೂಡದು ಎಂಬ ಕಟ್ಟಳೆ. ಐ.ಬಿ.ಎಂ. ಕಂಪೆನಿಯ ಮೈಕೇಲ್ ಫಾಗನ್ ಎಂಬವರು ಇಂಥ ಪರಿಶೀಲನೆಯ ಕ್ರಮವೊಂದನ್ನು ೧೯೭೬ರಲ್ಲಿಯೇ ಬರೆದು ಪ್ರಕಟಿಸಿದರು. ಕ್ರಮವೇನೋ ಒಳ್ಳೆಯದೇ. ಆದರೆ ನೂರಾರು ಜನ ಕೂಡಿ ಬರೆದ ಲಕ್ಷಾಂತರ ಸಾಲುಗಳಲ್ಲಿ ಹತ್ತನ್ನು ತಿದ್ದಿದರೆ, ಅದನ್ನು ಓದಲು ತಕ್ಕವರು ಯಾರು?

ಇದಕ್ಕೆ ನೆರವಾಗತಕ್ಕದ್ದು ಪ್ರೋಗ್ರಾಮಿನ ಚರಿತ್ರೆ. ಪ್ರತಿಯೊಂದು ತಿದ್ದುಪಡಿಯನ್ನೂ, ಮಾಡಿದವರ ಹೆಸರು, ದಿನ, ಕಾರಣಗಳೊಡನೆ ದಾಖಲೆ ಮಾಡಿಡುವ ಏರ್ಪಾಡುಗಳುಂಟು. ೨೦೦೫ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರಚಿಸಿದ ಗಿಟ್ ಎಂಬುದು ಇವುಗಳಲ್ಲಿ ಹೆಚ್ಚು ಬಳಕೆಯಾದುದು. ಅದಕ್ಕೆ 'ಬ್ಲೇಮ್' ಎಂಬ ಅಪ್ಪಣೆಯನ್ನು ಕೊಟ್ಟರೆ, ಪ್ರತಿಯೊಂದು ಸಾಲಿನ ಪಕ್ಕದಲ್ಲಿಯೂ ಅದನ್ನು ಕಟ್ಟಕಡೆಗೆ ಬದಲಾಯಿಸಿದವರ ಹೆಸರು ಮೂಡುತ್ತದೆ. ಬ್ಲೇಮ್ ಎಂದರೆ ದೂರುವುದು. ಸಬ್‌ವರ್ಷನ್ ಎಂಬ ಇನ್ನೊಂದು ಏರ್ಪಾಡನ್ನು ಮಾಡಿದವರು ದಾಕ್ಷಿಣ್ಯವಂತರು. ಅದೇ ಅಪ್ಪಣೆಗೆ 'ಪ್ರೇಯ್ಸ್', ಎಂದರೆ ಹೊಗಳು, ಎಂಬ ಹೆಸರನ್ನೂ ಇಟ್ಟರು. ದೂರಿದರೂ ಹೊಗಳಿದರೂ ಬರುವ ಹೆಸರು ಮಾತ್ರ ಒಂದೇ.

ನಮ್ಮ ಕಥೆ ೨೦೨೩ರ ಕೊನೆಯದು. ಬ್ಯಾಂಕುಗಳಿಗೆ ಲೆಕ್ಕದ ಪ್ರೋಗ್ರಾಮು ಬರೆದುಕೊಡುವ ಕಂಪೆನಿಯೊಂದರಲ್ಲಿ ಆಗ ನಾವಿದ್ದೆವು. ಠೇವಣಿಯ ಬಡ್ಡಿಯನ್ನು ಲೆಕ್ಕಿಸುವ ಭಾಗದಲ್ಲಿ ಹನ್ನೊಂದು ಸಾಲುಗಳು ನಮಗೆ ಅನಾವಶ್ಯಕವಾಗಿ ತೋರಿದವು. ಅವು ಠೇವಣಿಯ ಅವಧಿಯನ್ನು ಡಿಸೆಂಬರ್ ೩೧ಕ್ಕೆ ಸೀಳಿ, ತುಂಡುಗಳನ್ನು ಬೇರೆಬೇರೆಯಾಗಿ ಲೆಕ್ಕಹಾಕಿ, ಮತ್ತೆ ಕೂಡಿಸುತ್ತಿದ್ದವು. ಕೂಡಿಸುವುದಕ್ಕೆ ಸೀಳುವುದೇಕೆಂದು ನಾವು ಅವನ್ನು ತೆಗೆದುಹಾಕಿದೆವು. ಬ್ಲೇಮ್ ಅಪ್ಪಣೆಗೆ ಹನ್ನೊಂದು ಸಾಲಿನ ಎದುರಿಗೂ ಒಬ್ಬ ಮಿತ್ರರ ಹೆಸರೇ ಬಂದಿತು. ಅವರಿಗೇ ಪರಿಶೀಲನೆಗೆ ಕಳುಹಿಸಿದೆವು. ಅರ್ಧ ಗಂಟೆಯೊಳಗೆ ಒಪ್ಪಿಗೆ ಬಂತು. ಆ ಶೀಘ್ರತೆಯೇ ನಮ್ಮನ್ನು ಎಚ್ಚರಿಸಬೇಕಾಗಿತ್ತು.

೨೦೨೪ ಅಧಿಕವರ್ಷ. ೨೦೨೩ರಲ್ಲಿ ಬಿದ್ದ ದಿನಗಳನ್ನು ೩೬೫ರಿಂದಲೂ ೨೦೨೪ರವನ್ನು ೩೬೬ರಿಂದಲೂ ಭಾಗಿಸುವುದಕ್ಕಾಗಿಯೇ ಆ ಸೀಳುವಿಕೆ ಇದ್ದಿತು. ನಾವು ಅದನ್ನು ತೆಗೆದ ಮೇಲೆ ಎಲ್ಲ ದಿನಗಳೂ ೩೬೬ರಿಂದಲೇ ಭಾಗವಾದವು. ನೂರಕ್ಕೆ ೭ರ ಬಡ್ಡಿಯಲ್ಲಿ, ೧ ಲಕ್ಷ ರೂಪಾಯಿಯ ಠೇವಣಿಗೆ, ಹಿಂದಿನ ವರ್ಷದ ೨೦೦ ದಿನಗಳ ಮೇಲೆ ಸುಮಾರು ಹತ್ತೂವರೆ ರೂಪಾಯಿಯ ಕೊರತೆ. ಅಲ್ಪವೆನ್ನಬಹುದು. ಆದರೆ ಬಡ್ಡಿಯಿಂದಲೇ ಔಷಧದ ಖರ್ಚು ತೂಗಿಸುವ ನಿವೃತ್ತ ಉಪಾಧ್ಯಾಯರೊಬ್ಬರು ಕಾಗದದ ಮೇಲೆ ಲೆಕ್ಕ ಬರೆದುಕೊಂಡು ಬ್ಯಾಂಕಿಗೆ ಬಂದರಂತೆ. ಕಂಪ್ಯೂಟರು ತಪ್ಪುವುದಿಲ್ಲವೆಂದು ಅವರನ್ನು ಮೂರು ಸಲ ಹಿಂದಕ್ಕೆ ಕಳುಹಿಸಿದರಂತೆ. ಅವರ ಲೆಕ್ಕವೇ ಸರಿಯಾಗಿತ್ತು. ಅದನ್ನು ಕೇಳಿದ ದಿನ ನಮಗೆ ಅನ್ನ ಸೇರಲಿಲ್ಲ.

ಮಿತ್ರರನ್ನು ವಿಚಾರಿಸಿದರೆ, "ನಾನು ಮಾಡಿದ್ದು ಸಾಲುಗಳ ಅಂಚನ್ನು ಓರಣಗೊಳಿಸಿದ್ದು ಮಾತ್ರ, ಸ್ವಾಮಿ, ಬಡ್ಡಿಯ ಗೊಡವೆ ನನಗೇನು ಗೊತ್ತು?" ಎಂದರು. ಸುಣ್ಣ ಬಳಿದವರು!

ಆಗ, ನಾವು ಕೆಡಿಸುವುದಕ್ಕೆ ಮುಂಚಿನ ಪ್ರತಿಯನ್ನು ತೆಗೆದು, ಹಿಂದುಹಿಂದಕ್ಕೆ ಓದತೊಡಗಿದೆವು. ಬ್ಲೇಮ್ ಅಪ್ಪಣೆಗೆ 'ಡಬ್ಲ್ಯು' ಎಂಬ ಗುರುತನ್ನು ಸೇರಿಸಿದರೆ, ಬರಿಯ ತೆರಪುಗಳ ಬದಲಾವಣೆಯನ್ನು ಅದು ಗಣಿಸುವುದಿಲ್ಲ. ೨೦೧೯ರಿಂದೀಚೆಗೆ, ಓರಣದ ಕೆಲಸಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಟ್ಟು, ಇವನ್ನು ಬಿಟ್ಟು ನೋಡೆಂದು ಗಿಟ್ಟಿಗೆ ಹೇಳುವ ಅನುಕೂಲವೂ ಇದೆ. ಹೀಗೆ ಪದರ ಪದರವಾಗಿ ಕೆರೆದಾಗ ೨೦೧೫ರ ತಿದ್ದುಪಡಿಯೊಂದು ಸಿಕ್ಕಿತು. ಮಾಡಿದವರು ಒಬ್ಬ ಮಹಿಳೆ. ಅದರೊಡನೆ ಆಕೆ ಬರೆದಿದ್ದ ಟಿಪ್ಪಣಿ ಎರಡೇ ವಾಕ್ಯ. ಅಧಿಕವರ್ಷದ ವಿಷಯವೆಲ್ಲ ಅದರಲ್ಲಿತ್ತು.

ಮದುವೆಯ ತರುವಾಯ ಆಕೆಯ ಹೆಸರು ಬದಲಾಗಿದ್ದುದರಿಂದ ಆಕೆಯನ್ನು ಗುರುತಿಸುವುದಕ್ಕೆ ಒಂದು ದಿನ ಹಿಡಿಯಿತು. ಹಳೆಯ ಹೆಸರಿಗೂ ಹೊಸ ಹೆಸರಿಗೂ ಗಂಟುಹಾಕುವ 'ಮೇಲ್‌ಮ್ಯಾಪ್' ಎಂಬ ಪಟ್ಟಿಯನ್ನು ಗಿಟ್ ಓದಬಲ್ಲುದು. ನಮ್ಮಲ್ಲಿ ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಆಕೆ ಇದ್ದುದು ನಮ್ಮ ತಲೆಯ ಮೇಲಣ ಅಂತಸ್ತಿನಲ್ಲಿಯೇ, ಬೇರೊಂದು ಕೆಲಸದಲ್ಲಿ.

ಲಿನಕ್ಸಿನ ಮೂಲಭಾಗವನ್ನು ಬರೆಯುವವರು ತಕ್ಕ ಪರಿಶೀಲಕರನ್ನು ಹುಡುಕಲು ಒಂದು ಸಲಕರಣೆಯನ್ನೇ ಮಾಡಿಕೊಂಡಿದ್ದಾರೆ. ಯಾವ ಭಾಗಕ್ಕೆ ಯಾರು ಹೊಣೆ ಎಂಬ ಪಟ್ಟಿಯನ್ನು ಅದು ನೋಡುತ್ತದೆ. ಚರಿತ್ರೆಯನ್ನು ಕೆದಕುವಾಗ, ಬೇರೆ ಅಪ್ಪಣೆಯಿಲ್ಲದಿದ್ದರೆ, ಹಿಂದಿನ ಒಂದು ವರ್ಷಕ್ಕೆ ನಿಲ್ಲುತ್ತದೆ. ಕೆಲಸ ಬಿಟ್ಟು ಹೋದವರನ್ನು ಕಾಡದಿರುವುದಕ್ಕೆ ಇದು ಒಳ್ಳೆಯ ಉಪಾಯ. ಆದರೆ ನಮಗೆ ಬೇಕಾಗಿದ್ದವರು ಒಂದು ವರ್ಷದ ಎಲ್ಲೆಯೊಳಗೆ ಸಿಕ್ಕುತ್ತಲೇ ಇರಲಿಲ್ಲ.

ತೆಗೆದ ಸಾಲುಗಳನ್ನು ಮರಳಿ ಸೇರಿಸಿ ಆಕೆಗೆ ಕಳುಹಿಸಿದೆವು. ಆಕೆ ಎರಡು ದಿನ ಓದಿ, ಮೂರು ವರ್ಷದ ಠೇವಣಿಗೂ ಒಂದು ಪರೀಕ್ಷೆಯನ್ನು ಬರೆಯಿರೆಂದು ತಾಕೀತು ಮಾಡಿ, ಬಳಿಕ ಒಪ್ಪಿದರು. ಕೊರತೆಬಿದ್ದ ಬಡ್ಡಿಯನ್ನು ಎಲ್ಲರ ಖಾತೆಗೂ ತುಂಬಿದ್ದಾಯಿತು.

ಮರಳಿ ಸೇರಿಸಿದವರು ನಾವಾದುದರಿಂದ ಆ ಹನ್ನೊಂದು ಸಾಲುಗಳ ಎದುರಿಗೆ ಬ್ಲೇಮ್ ಈಗ ನಮ್ಮ ಹೆಸರನ್ನು ತೋರಿಸುತ್ತದೆ. ಹೊಸದಾಗಿ ಸೇರಿದ ಹುಡುಗನೊಬ್ಬ ಮೊನ್ನೆ ಅದನ್ನು ನೋಡಿ, "ಇದನ್ನು ಬಲ್ಲವರು ತಾವೇ ಅಲ್ಲವೆ, ಸಾರ್?" ಎಂದು ಪತ್ರ ಬರೆದಿದ್ದ. ನಾವು ಮೇಲಣ ಅಂತಸ್ತಿನ ವಿಳಾಸವನ್ನು ಕೊಟ್ಟೆವು.