ಆಕಾಶಯಾನದ ಆಟ

ಆಟವೆಂದರೆ ಕಾಲಹರಣಕ್ಕೆ ಇನ್ನೊಂದು ಹೆಸರೆಂದು ತಿಳಿದವರು ಲೋಕದಲ್ಲಿ ಬಹು ಮಂದಿ ಉಂಟು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಚದುರಂಗದಲ್ಲಿ ಗೆದ್ದವನಿಗೆ ರಾಜ್ಯವೇನೂ ಕೈಸೇರುವುದಿಲ್ಲ. ಚೌಕಾಬಾರದಲ್ಲಿ ಕಾಯಿಗಳನ್ನೆಲ್ಲ ಹಣ್ಣುಮಾಡಿದವಳ ಮನೆಯ ಕಣಜಕ್ಕೆ ಒಂದು ಸೇರು ರಾಗಿಯೂ ಹೆಚ್ಚಾಗಿ ಬಂದು ಬೀಳುವುದಿಲ್ಲ. ಆದರೆ ಮನುಷ್ಯನ ಆತುರ, ಅಳುಕು, ಹಟ, ಔದಾರ್ಯ ಇವು ಆಟದ ಮಣೆಯ ಮುಂದೆ ಬಯಲಾಗುವಷ್ಟು ಸಹಜವಾಗಿ ಬೇರೆಲ್ಲಿಯೂ ಬಯಲಾಗವು. ಎದುರಾಳಿಯು ಮನುಷ್ಯನಾಗಿದ್ದರೆ ಅವನನ್ನು ಮರುಳುಮಾಡಬಹುದು, ಒಲಿಸಿಕೊಳ್ಳಬಹುದು, ಕಡೆಗೆ ಜಗಳವಾಡಿಯಾದರೂ ಮಣಿಸಬಹುದು. ಎದುರಾಳಿಯು ನಿಸರ್ಗದ ನಿಯಮವೇ ಆಗಿದ್ದರೆ ಈ ಉಪಾಯಗಳಲ್ಲಿ ಒಂದೂ ನಡೆಯುವಂತಿಲ್ಲ. ಅಂಥದೊಂದು ಆಟದ ವಿಚಾರವು ವಾಚಕರ ಗಮನಕ್ಕೆ ಅರ್ಹವಾದುದು.

ಅದರ ಹೆಸರು ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’. ಮೆಕ್ಸಿಕೊ ನಗರದಲ್ಲಿ ಜಾಹೀರಾತಿನ ಕೆಲಸಮಾಡುತ್ತಿದ್ದ ‘ಸ್ಕ್ವಾಡ್’ ಎಂಬ ಸಂಸ್ಥೆಯಲ್ಲಿದ್ದ ಫೆಲಿಪೆ ಫಲಾಂಗೆ ಎಂಬಾತನು ಅದನ್ನು ಕಲ್ಪಿಸಿದನು. 2011ನೆಯ ಇಸವಿಯ ಜೂನ್ ತಿಂಗಳಲ್ಲಿ ಅದರ ಮೊದಲ ರೂಪವೂ 2015ನೆಯ ಇಸವಿಯ ಏಪ್ರಿಲಿನಲ್ಲಿ ಪೂರ್ಣರೂಪವೂ ಜನರ ಕೈಗೆ ಬಂದುವು. ಕಂಪ್ಯೂಟರಿನ ತೆರೆಯ ಮೇಲೆ ಕರ್ಬಿನ್ ಎಂಬ ಪುಟ್ಟ ಗ್ರಹವೊಂದು ಕಾಣುತ್ತದೆ. ಅದರ ತ್ರಿಜ್ಯ 600 ಕಿಲೋಮೀಟರು. ಭೂಮಿಯ ತ್ರಿಜ್ಯದ ಹತ್ತನೆಯ ಒಂದು ಪಾಲಿಗೂ ಕಡಮೆ. ಆದರೂ ನೆಲದ ಸೆಳೆತವು ಭೂಮಿಯದರಷ್ಟೇ ಇದೆ. 70 ಕಿಲೋಮೀಟರಿನ ಎತ್ತರಕ್ಕೆ ಗಾಳಿ ಮುಗಿಯುತ್ತದೆ. ಗ್ರಹದ ನಡುವಿನಿಂದ 12,000 ಕಿಲೋಮೀಟರು ದೂರದಲ್ಲಿ ಮುನ್ ಎಂಬ ಚಂದ್ರನು ಸುತ್ತುತ್ತಾನೆ. ಆ ಲೋಕದ ನಿವಾಸಿಗಳು ಹಸುರು ಮೈಯ, ದೊಡ್ಡ ತಲೆಯ ಕುಳ್ಳರು. ಎಂಥ ಅಪಾಯದ ವಾಹನವನ್ನು ತಂದು ನಿಲ್ಲಿಸಿದರೂ ಹತ್ತಿ ಕುಳಿತುಕೊಳ್ಳುವ ಧೀರರು. ಇವರಿಗಾಗಿ ರಾಕೆಟ್ಟನ್ನು ಕಟ್ಟಿ, ಆಕಾಶಕ್ಕೆ ಕಳುಹಿಸಿ, ಸುರಕ್ಷಿತವಾಗಿ ಮರಳಿ ಕರೆತರುವುದೇ ಆಟಗಾರನ ಕೆಲಸ.

ಹೊಸಬನು ಕಟ್ಟಿದ ಮೊದಲ ರಾಕೆಟ್ಟು ಆಕಾಶವನ್ನು ಕಾಣುವುದು ಅಪೂರ್ವ. ಎಂಜಿನು ಹೊತ್ತಿಕೊಳ್ಳುವ ಸರದಿಯಲ್ಲಿಯೇ ಪ್ಯಾರಾಷೂಟನ್ನೂ ಆತನು ಸೇರಿಸಿಟ್ಟಿರುತ್ತಾನೆ. ಮೇಲಕ್ಕೆ ಒಯ್ಯುವುದೂ ಕೆಳಕ್ಕೆ ಇಳಿಸುವುದೂ ಒಂದೇ ಗಳಿಗೆಯಲ್ಲಿ ಆರಂಭವಾಗಿ ಎಲ್ಲವೂ ಚೂರಾಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಮೇಲೆ ಆತನು ಇಂಧನವು ಸಾಲದೆಂದು ಬಗೆದು ತೊಟ್ಟಿಯ ಮೇಲೆ ತೊಟ್ಟಿಯನ್ನು ಪೇರಿಸುತ್ತಾನೆ. ಹೆಚ್ಚಿಸಿದ ಇಂಧನವನ್ನು ಎತ್ತುವುದಕ್ಕೆ ಇನ್ನಷ್ಟು ಇಂಧನ ಬೇಕು; ಅದನ್ನು ಎತ್ತುವುದಕ್ಕೆ ಮತ್ತಷ್ಟು. ಸಾಲವನ್ನು ತೀರಿಸಲು ಸಾಲಮಾಡಿದವನ ಲೆಕ್ಕವಿದು. ರಷ್ಯಾದ ಉಪಾಧ್ಯಾಯನಾದ ತ್ಸಿಯೋಲ್ಕೋವ್‌ಸ್ಕಿಯು 1903ನೆಯ ಇಸವಿಯಲ್ಲಿ ಪ್ರಕಟಿಸಿದ ಸೂತ್ರವು ಇದನ್ನೇ ಗಣಿತದ ಭಾಷೆಯಲ್ಲಿ ಹೇಳುತ್ತದೆ. ಆದುದರಿಂದ ಅನುಭವಿಯಾದ ಆಟಗಾರನು ಬುಡಕ್ಕೆ ಕೂಡಿಸುವುದಕ್ಕೆ ಮೊದಲು ತುದಿಯಲ್ಲಿ ಕಳೆಯುತ್ತಾನೆ. ಮೇಲೆ ಒಂದು ಮಣ ಇಳಿದರೆ ಕೆಳಗೆ ಹಲವು ಮಣ ತಾನಾಗಿಯೇ ಇಳಿಯುತ್ತದೆ.

ಆಕಾಶಕ್ಕೆ ಹೋಗುವುದೆಂದರೆ ನೆಟ್ಟಗೆ ಮೇಲೆ ಹೋಗುವುದು ಎಂಬುದು ಎರಡನೆಯ ಭ್ರಮೆ. ನೆಟ್ಟಗೆ ಹೋದ ಕವಣೆಕಲ್ಲು ನೆಟ್ಟಗೆ ಬೀಳುತ್ತದೆ. ಅಡ್ಡಲಾಗಿ ಬಹು ವೇಗದಿಂದ ಹೋದ ಕಲ್ಲೂ ಬೀಳುತ್ತಲೇ ಇರುತ್ತದೆ; ಆದರೆ ಅದು ಬೀಳುವಷ್ಟರಲ್ಲಿ ಗ್ರಹದ ಗುಂಡಾದ ನೆಲವೂ ಕೆಳಕ್ಕೆ ಬಾಗಿಕೊಂಡಿರುವುದರಿಂದ ಕಲ್ಲಿಗೆ ನೆಲವು ಸಿಕ್ಕುವುದೇ ಇಲ್ಲ. ಕಕ್ಷೆಯೆಂದರೆ ಇಷ್ಟೆ. ಕರ್ಬಿನ್ನಿನ ಮೇಲೆ 100 ಕಿಲೋಮೀಟರಿನ ಎತ್ತರದಲ್ಲಿ ಇದಕ್ಕೆ ಸೆಕೆಂಡಿಗೆ ಸುಮಾರು 2,250 ಮೀಟರಿನ ವೇಗ ಸಾಕು; ದೊಡ್ಡದಾದ ಭೂಮಿಯನ್ನು ಹತ್ತಿರದಿಂದ ಸುತ್ತಲು ಸುಮಾರು 7,800 ಮೀಟರು ಬೇಕು. ಆದಕಾರಣ ರಾಕೆಟ್ಟು ನೆಲವನ್ನು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಅದನ್ನು ಮೆಲ್ಲಮೆಲ್ಲನೆ ಪೂರ್ವಕ್ಕೆ ಬಾಗಿಸಬೇಕು. ಗ್ರಹವು ಪೂರ್ವಕ್ಕೆ ತಿರುಗುತ್ತಿರುವುದರಿಂದ ಸೆಕೆಂಡಿಗೆ 175 ಮೀಟರಿನ ವೇಗವು ಬಿಟ್ಟಿಯಾಗಿ ದೊರೆಯುತ್ತದೆ. ಇಲ್ಲಿ ಆತುರಪಟ್ಟು ದಟ್ಟವಾದ ಗಾಳಿಯಲ್ಲಿಯೇ ಸರಕ್ಕನೆ ಅಡ್ಡ ತಿರುಗಿಸಿದರೆ ಗಾಳಿಯು ರಾಕೆಟ್ಟಿನ ಮೂತಿಯನ್ನು ಹಿಡಿದು ಹಿಂದುಮುಂದು ಮಾಡಿಬಿಡುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ಇಲ್ಲಿ ಕಣ್ಣೆದುರಿಗೇ ಉರಿದು ತೋರಿಸುತ್ತದೆ.

ಹಾಗಾದರೆ ಆಟದ ಸಾರವು ‘ನಿಧಾನವೇ ಪ್ರಧಾನ’ ಎಂಬುದೇ? ಅಷ್ಟು ಸುಲಭವಾಗಿ ತೀರ್ಮಾನಿಸುವಂತಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸಿ ವಿಶ್ರಾಂತರಾದ ಉಪಾಧ್ಯಾಯರೊಬ್ಬರ ಪ್ರಸಂಗವು ಇದನ್ನು ವಿಶದಪಡಿಸುತ್ತದೆ. ಅವರು ಮೊದಲು ಈ ಆಟದ ಬಳಿಗೆ ಬಂದದ್ದು ಮೊಮ್ಮಗಳನ್ನು ಗದರಿಸುವುದಕ್ಕೆ.

“ಪರೀಕ್ಷೆ ಹತ್ತಿರ ಬಂದಿತು. ಇದೇನೇ ಹುಡುಗಾಟ?”

“ತಾತ, ನೀನು ಹೇಳಿಕೊಟ್ಟ ಕೆಪ್ಲರನೇ ಇದರೊಳಗಿದ್ದಾನೆ. ಬೇಕಾದರೆ ಬಂದು ನೋಡು.”

ನೋಡಲು ಕುಳಿತವರು ಏಳಲಿಲ್ಲ. ಮೂರು ವಾರಗಳೊಳಗೆ ಅವರು ಒಬ್ಬ ಕುಳ್ಳನನ್ನು ಮುನ್ ಚಂದ್ರನವರೆಗೆ ಕರೆದೊಯ್ದರು. ಅಲ್ಲಿ ಗಾಳಿಯಿಲ್ಲ, ಪ್ಯಾರಾಷೂಟು ನಿರುಪಯೋಗಿ, ಎಂಜಿನಿನ ಬಲದಿಂದಲೇ ಇಳಿಯಬೇಕು. ಏರುವಾಗ ಆತುರದ ಫಲವನ್ನು ಕಂಡಿದ್ದ ಉಪಾಧ್ಯಾಯರು ಇಳಿಯುವಾಗ ಅತಿಯಾದ ಎಚ್ಚರಿಕೆಯನ್ನು ವಹಿಸಿದರು. ನೌಕೆಯನ್ನು ಬಹು ಎತ್ತರದಲ್ಲಿಯೇ ತಡೆದು, ಅಂಗುಲ ಅಂಗುಲವಾಗಿ ಇಳಿಸತೊಡಗಿದರು. ಆದರೆ ಅಲ್ಲಿಯ ಸೆಳೆತವು ಸೆಕೆಂಡು ಸೆಕೆಂಡಿಗೂ 1.63 ಮೀಟರಿನ ವೇಗವನ್ನು ನೌಕೆಗೆ ಕೂಡಿಸುತ್ತಲೇ ಇರುತ್ತದೆ. ಅದನ್ನು ಕಳೆಯುವುದಕ್ಕೆ ಇಂಧನವು ಸೆಕೆಂಡು ಸೆಕೆಂಡಿಗೂ ಸೋರುತ್ತಲೇ ಇರುತ್ತದೆ. ನೆಲವು ಇನ್ನು ನಲವತ್ತು ಮೀಟರಿರುವಾಗ ತೊಟ್ಟಿ ಬರಿದಾಯಿತು. ನೌಕೆಯು ಬಿದ್ದು, ಕಾಲು ಮುರಿದು, ಎಂಜಿನು ಚೂರಾಗಿ ಪಕ್ಕಕ್ಕೆ ಉರುಳಿತು. ಒಳಗಿದ್ದ ಕುಳ್ಳನು ಬದುಕಿದ್ದನು. ಹಿಂತಿರುಗುವ ಮಾರ್ಗ ಮಾತ್ರ ಇರಲಿಲ್ಲ.

ಈ ಆಟದಲ್ಲಿ ಆದದ್ದನ್ನು ಆಗಲೇ ಇಲ್ಲವೆನ್ನಿಸುವ ಸೌಕರ್ಯವುಂಟು. ಒಂದು ಗುಂಡಿಯನ್ನು ಒತ್ತಿದರೆ ಕಾಲವು ಹಿಂದಕ್ಕೆ ಸರಿದು, ಮುರಿದ ನೌಕೆಯು ಹೊಸದಾಗಿ ನಿಲ್ಲುತ್ತದೆ. ಕಲಿಯುವವನಿಗೆ ಇದು ದೊಡ್ಡ ಉಪಕಾರವೇ ಸರಿ. ನೂರು ಸಲ ಸೋಲಲು ಧೈರ್ಯವಿಲ್ಲದವನು ನೂರೊಂದನೆಯ ಸಲ ಗೆಲ್ಲಲಾರನು. ಉಪಾಧ್ಯಾಯರ ಬೆರಳು ಆ ಗುಂಡಿಯ ಕಡೆಗೆ ಹೋಯಿತು. ಮೊಮ್ಮಗಳು ಅವರ ಕೈ ಹಿಡಿದಳು.

“ಬೇಡ, ತಾತ. ಅದನ್ನು ಒತ್ತಿದರೆ ಅವನು ಅಲ್ಲಿಗೆ ಹೋಗಿಯೇ ಇಲ್ಲವೆಂದಾಗುತ್ತದೆ. ಅವನು ಹೋದದ್ದು ನಿಜವಾಗಬೇಕಾದರೆ ನಾವೇ ಹೋಗಿ ಕರೆದುಕೊಂಡು ಬರಬೇಕು.”

ಹನ್ನೆರಡು ವರ್ಷದ ಹುಡುಗಿಯ ಈ ಮಾತಿಗೆ ಉಪಾಧ್ಯಾಯರಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಒಂಬತ್ತು ಸಂಜೆಗಳು ಆ ಮನೆಯಲ್ಲಿ ಉದ್ಧಾರದ ಕಾರ್ಯವು ನಡೆಯಿತು. ಒಂದು ದೊಡ್ಡ ನೌಕೆಯು ಚಂದ್ರನನ್ನು 50 ಕಿಲೋಮೀಟರಿನ ಎತ್ತರದಲ್ಲಿ ಸುತ್ತುತ್ತಿರುವುದು. ಅದರಿಂದ ಬೇರ್ಪಟ್ಟ ಸಣ್ಣ ದೋಣಿಯೊಂದು ಕೆಳಗಿಳಿದು, ಕುಳ್ಳನನ್ನು ಹತ್ತಿಸಿಕೊಂಡು, ಮೇಲಕ್ಕೆ ಬಂದು ತಾಯಿನೌಕೆಯನ್ನು ಸೇರುವುದು. ಇದು ಅವರ ಯೋಜನೆ. ಇಳಿಯುವ ಕೆಲಸವನ್ನು ಈ ಸಲ ಮೊಮ್ಮಗಳೇ ವಹಿಸಿಕೊಂಡಳು. ದೋಣಿಯನ್ನು ಧಾರಾಳವಾಗಿ ಬೀಳಗೊಟ್ಟು, ಎಂಜಿನನ್ನು ಹೊತ್ತಿಸಲೇಬೇಕಾದ ಗಳಿಗೆಯನ್ನು ಕಾದಿದ್ದು, ಆಗ ಪೂರ್ಣಬಲದಿಂದ ಹೊತ್ತಿಸಿದಳು. ದೋಣಿಯು ಕುಳ್ಳನಿದ್ದ ಸ್ಥಳದಿಂದ ಆರು ಕಿಲೋಮೀಟರು ದೂರದಲ್ಲಿ ಇಳಿಯಿತು. ಆತನು ಬೂದುಬಣ್ಣದ ಆ ಬಯಲನ್ನು ದಾಟಿ ಬಂದು ಹತ್ತಿಕೊಂಡನು.

ಕಷ್ಟವು ಮೇಲೆ ಕಾದಿತ್ತು. ದೋಣಿಯು ಅದೇ ಎತ್ತರದ ಕಕ್ಷೆಗೆ ಬಂದಾಗ ತಾಯಿನೌಕೆಯು 30 ಕಿಲೋಮೀಟರು ಮುಂದಿತ್ತು. ಮುಂದಿರುವವನನ್ನು ಹಿಡಿಯಬೇಕಾದರೆ ವೇಗವನ್ನು ಹೆಚ್ಚಿಸಬೇಕೆಂಬುದು ನೆಲದ ಮೇಲೆ ನಡೆದವರೆಲ್ಲರ ನಂಬಿಕೆ. ಉಪಾಧ್ಯಾಯರು ಎಂಜಿನನ್ನು ಹೊತ್ತಿಸಿ ಮುಂದಕ್ಕೆ ತಳ್ಳಿದರು. ಕೊಂಚ ಹೊತ್ತು ಅಂತರವು ಕಡಮೆಯಾದಂತೆ ತೋರಿತು. ಆಮೇಲೆ ದೋಣಿಯು ಮೇಲಕ್ಕೇರಿ, ದೊಡ್ಡ ಸುತ್ತನ್ನು ಹಿಡಿದು, ಮೊದಲಿಗಿಂತಲೂ ಹಿಂದೆ ಬಿದ್ದಿತು. ಮತ್ತೆ ತಳ್ಳಿದರು, ಮತ್ತಷ್ಟು ಹಿಂದೆ ಬಿದ್ದಿತು. ಇಂಧನವು ಕಾಲುಭಾಗಕ್ಕೆ ಇಳಿಯಿತು. ಕೆಪ್ಲರನ ಮೂರನೆಯ ನಿಯಮವನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವರು ಅವರು. ನಾಲಗೆಗೆ ಬಂದ ವಿದ್ಯೆಯು ಕೈಗೆ ಬಂದಿರಲಿಲ್ಲ.

ಈ ನಿಯಮದ ತಿರುಳನ್ನು ಒಕ್ಕಲುಮಕ್ಕಳಿಗೆ ಹೀಗೆ ಹೇಳಬಹುದು. ಕಣದಲ್ಲಿ ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳಲ್ಲಿ ಒಳಗಿನದು ಸಣ್ಣ ಸುತ್ತನ್ನೂ ಹೊರಗಿನದು ದೊಡ್ಡ ಸುತ್ತನ್ನೂ ತಿರುಗುತ್ತವೆ. ಒಂದೇ ಹಗ್ಗದಿಂದ ಕಟ್ಟಿರುವುದರಿಂದ ಹೊರಗಿನ ಎತ್ತು ಬೇಗ ಬೇಗ ಹೆಜ್ಜೆಯಿಟ್ಟು ಸಾಲನ್ನು ಕಾಪಾಡಿಕೊಳ್ಳಬೇಕು. ಆಕಾಶದಲ್ಲಿ ಹಗ್ಗವಿಲ್ಲ. ಅಲ್ಲಿ ಒಳಗಿನ ಎತ್ತಿನ ದಾರಿಯೂ ಚಿಕ್ಕದು, ನಡಿಗೆಯೂ ಚುರುಕು. ಆದುದರಿಂದ ಮುಂದಿನವನನ್ನು ಹಿಡಿಯಬೇಕೆನ್ನುವವನು ಹಿಂದಕ್ಕೆ ಎಳೆದು, ವೇಗವನ್ನು ಕೊಂಚ ಕಳೆದುಕೊಂಡು, ಒಳಸುತ್ತಿಗೆ ಇಳಿಯಬೇಕು. ಉಪಾಧ್ಯಾಯರು ಕಾಗದವನ್ನು ತೆಗೆದು ಲೆಕ್ಕ ಹಾಕಿದರು. ಆ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು 51 ನಿಮಿಷ. ಸೆಕೆಂಡಿಗೆ 3 ಮೀಟರಿಗಿಂತ ತುಸು ಹೆಚ್ಚು, ಎಂದರೆ ಮನುಷ್ಯನು ಮೆಲ್ಲಗೆ ಓಡುವಷ್ಟು ವೇಗವನ್ನು ಬಿಟ್ಟುಕೊಟ್ಟರೆ ಒಂದೇ ಸುತ್ತಿನಲ್ಲಿ 30 ಕಿಲೋಮೀಟರಿನ ಅಂತರವು ತೀರುತ್ತದೆ! ಮೊದಲು ತಾವು ಮಾಡಿದ್ದನ್ನು ಸರಿಪಡಿಸಿಕೊಂಡು, ಉಳಿದ ಅಂತರಕ್ಕೆ ತಕ್ಕಷ್ಟು ಹಿಂದಕ್ಕೆ ಉರಿಸಿ, ಅವರು ಕೈಕಟ್ಟಿ ಕುಳಿತರು. ಸುತ್ತು ಮುಗಿಯುವಷ್ಟರಲ್ಲಿ ತಾಯಿನೌಕೆಯು ಕಿಟಕಿಯಲ್ಲಿ ಕಾಣಿಸಿತು. ಬಿಟ್ಟುಕೊಟ್ಟಿದ್ದ ವೇಗವನ್ನು ಮರಳಿ ಕೂಡಿಸಿದೊಡನೆ ಎರಡು ನೌಕೆಗಳೂ ಜೊತೆಜೊತೆಯಾಗಿ ನಿಂತಂತೆ ಸಾಗಿದುವು.

ಇದನ್ನು ಹಳ್ಳಿಯ ಉಪಾಧ್ಯಾಯರೊಬ್ಬರ ಅನನುಭವವೆಂದು ನಗುವಂತಿಲ್ಲ. 1965ನೆಯ ಇಸವಿಯ ಜೂನ್ 3ರಂದು ಅಮೆರಿಕದ ಜೆಮಿನಿ 4 ನೌಕೆಯಲ್ಲಿ ಹೋದ ಜೇಮ್ಸ್ ಮ್ಯಾಕ್‌ಡಿವಿಟನು ತನ್ನನ್ನು ಹೊತ್ತು ತಂದ ರಾಕೆಟ್ಟಿನ ಬರಿದಾದ ಹಂತವನ್ನು ಸಮೀಪಿಸಲು ಯತ್ನಿಸಿದನು. ನುರಿತ ವೈಮಾನಿಕನಾದ ಆತನು ಅದರ ಕಡೆಗೆ ಮೂತಿಯಿಟ್ಟು ತಳ್ಳಿದನು. ಅದು ದೂರದೂರ ಸರಿಯಿತು. ಇಂಧನವು ಮಿತಿಮೀರಿ ವೆಚ್ಚವಾಗುತ್ತಿರಲು ಪ್ರಯತ್ನವನ್ನು ಕೈಬಿಡಬೇಕಾಯಿತು. ಅದೇ ವರ್ಷದ ಡಿಸೆಂಬರ್ 15ರಂದು ವಾಲಿ ಷಿರ್ರಾ ಮತ್ತು ತಾಮಸ್ ಸ್ಟ್ಯಾಫರ್ಡರು ಜೆಮಿನಿ 6ಎ ನೌಕೆಯನ್ನು ಕೆಳಗಿನ ಸುತ್ತಿನಿಂದ ಕ್ರಮಕ್ರಮವಾಗಿ ಏರಿಸಿ ಜೆಮಿನಿ 7ರ ಪಕ್ಕಕ್ಕೆ, ಒಂದು ಅಡಿಯಷ್ಟು ಹತ್ತಿರಕ್ಕೆ ತಂದರು. ಆರು ತಿಂಗಳಲ್ಲಿ ಆಕಾಶದ ನಿಯಮವೇನೂ ಬದಲಾಗಿರಲಿಲ್ಲ. ಮನುಷ್ಯನು ತನ್ನ ನೆಲದ ಅಭ್ಯಾಸವನ್ನು ಬಿಟ್ಟಿದ್ದನು.

ಈ ಆಟವನ್ನಾಡಿದವರಿಗೆ ಭಾರತದ ಚಂದ್ರಯಾನಗಳ ಮರ್ಮವೂ ಬೇರೆ ರೀತಿಯಲ್ಲಿ ತಿಳಿಯುತ್ತದೆ. 1969ರಲ್ಲಿ ಅಪೊಲೊ 11 ಚಂದ್ರನನ್ನು ಮುಟ್ಟಲು ನಾಲ್ಕು ದಿನ ಸಾಕಾಯಿತು. 2023ರ ಜುಲೈ 14ರಂದು ಹೊರಟ ಚಂದ್ರಯಾನ 3 ಇಳಿದದ್ದು ಆಗಸ್ಟ್ 23ರಂದು. ಇದನ್ನು ಸೋಮಾರಿತನವೆಂದು ಭಾವಿಸುವವನು ಆಟವನ್ನು ಒಮ್ಮೆ ಆಡಿ ನೋಡಬೇಕು. ಚಿಕ್ಕ ರಾಕೆಟ್ಟಿನಿಂದ ಹೊರಟವನು ಗ್ರಹಕ್ಕೆ ಅತಿ ಸಮೀಪವಾಗಿ ಅತಿ ವೇಗದಿಂದ ಹಾಯುವ ಗಳಿಗೆಯಲ್ಲಿ ಎಂಜಿನನ್ನು ಉರಿಸಿದರೆ ಅಷ್ಟೇ ಇಂಧನಕ್ಕೆ ಹೆಚ್ಚಿನ ಶಕ್ತಿ ದೊರೆಯುತ್ತದೆ. ಆ ಗಳಿಗೆಯು ಸುತ್ತಿಗೆ ಒಂದೇ ಸಲ ಬರುತ್ತದೆ. ಉಳಿದ ಹೊತ್ತೆಲ್ಲ ಕಾಯಬೇಕು.

ಆದರೆ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕುಳಿತವರ ಮುಂದೆ ಹಿಂದಕ್ಕೆ ಸರಿಸುವ ಗುಂಡಿ ಇರಲಿಲ್ಲ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ 2ರ ವಿಕ್ರಮ್ ನೆಲಕ್ಕೆ ಎರಡು ಕಿಲೋಮೀಟರಿನಷ್ಟು ಎತ್ತರದಲ್ಲಿದ್ದಾಗ ಅದರ ದನಿ ನಿಂತುಹೋಯಿತು. ಅವರು ಆದದ್ದನ್ನು ಆಗಲಿಲ್ಲವೆನ್ನದೆ, ಏಕೆ ಆಯಿತೆಂದು ಶೋಧಿಸಿದರು. ಮುಂದಿನ ನೌಕೆಯ ಕಾಲುಗಳನ್ನು ಬಲಪಡಿಸಿದರು, ಇಂಧನವನ್ನು ಹೆಚ್ಚಿಸಿದರು, ಇಳಿಯುವ ಬಯಲನ್ನು ವಿಸ್ತರಿಸಿದರು. ಏನೇನು ಕೆಡಬಹುದೆಂಬುದನ್ನೇ ಆಧಾರವಾಗಿಟ್ಟುಕೊಂಡು ಅದನ್ನು ರೂಪಿಸಿದರು. ಹೀಗೆ ನಾಲ್ಕು ವರ್ಷಗಳಲ್ಲಿ ಆ ಸೋಲು ಗೆಲುವಿನ ಅಡಿಗಲ್ಲಾಯಿತು.

ಆಟವು ನಿಜವಲ್ಲವೆಂಬುದೂ ನೆನಪಿನಲ್ಲಿರಬೇಕು. ಕರ್ಬಿನ್ನಿನ ಆಕಾಶದಲ್ಲಿ ನೌಕೆಯನ್ನು ಒಂದು ಸಲಕ್ಕೆ ಒಂದೇ ಗೋಳವು ಸೆಳೆಯುತ್ತದೆ. ನಿಜವಾದ ಆಕಾಶದಲ್ಲಿ ಭೂಮಿ, ಚಂದ್ರ, ಸೂರ್ಯ ಮೂವರೂ ಏಕಕಾಲದಲ್ಲಿ ಎಳೆಯುತ್ತಾರೆ. ಆ ಕುಳ್ಳರಿಗೆ ಹಸಿವು ಬಾಯಾರಿಕೆಗಳಿಲ್ಲ. ಬೇಕಾದರೆ ವರ್ಷಗಟ್ಟಲೆ ಕಾಯುತ್ತಾರೆ. ಮನುಷ್ಯನ ಉಸಿರು ಅಷ್ಟು ಕಾಲ ಕಾಯದು. ಇಷ್ಟಾದರೂ ಈ ಆಟದಿಂದ ಕೈಗೆ ಬರುವ ವಿದ್ಯೆಯು ಸಣ್ಣದಲ್ಲ. ಏರುವಾಗ ಆತುರಪಡಬಾರದು, ಇಳಿಯುವಾಗ ಅಳುಕಬಾರದು, ಹಿಡಿಯಬೇಕಾದಾಗ ಬಿಟ್ಟುಕೊಡಬೇಕು. ಮೂರಕ್ಕೂ ಸೂತ್ರವು ಒಂದೇ, ಅದು ಸಕಾಲವನ್ನು ಅರಿಯುವುದು. ಹೊಸದಾಗಿ ಆಡಲು ಕುಳಿತವನಿಗೆ ಹೇಳಬೇಕಾದ ಮಾತೊಂದುಂಟು: ರಾಕೆಟ್ಟನ್ನು ಕಟ್ಟುವ ದಿನವೇ ಮರಳಿ ಬರುವ ದಾರಿಗೆ ಬೇಕಾದ ಇಂಧನವನ್ನು ಮೊದಲು ಎಣಿಸಿ ತೆಗೆದಿಡಲಿ, ಹೋಗುವ ದಾರಿಯ ಲೆಕ್ಕವನ್ನು ಆಮೇಲೆ ಮಾಡಲಿ. ಒಳಗೆ ಕುಳಿತವನು ಎಷ್ಟೇ ಕುಳ್ಳನಾಗಿರಲಿ, ಎಷ್ಟೇ ಕಾಲ್ಪನಿಕನಾಗಿರಲಿ, ಕಳುಹಿಸಿದವನ ಮಾತನ್ನು ನಂಬಿ ಹತ್ತಿದವನು.