ಗೇಟ್ ಹಾಕಿತ್ತು ಸಾರ್

ಶಿವಮೊಗ್ಗದ ಸವಳಂಗ ರಸ್ತೆಯ ರೈಲ್ವೆ ಗೇಟು ನಮ್ಮ ಬ್ಯಾಚಿನ ಮೊದಲ ಸುಳ್ಳು. ಎಂಟನೇ ಕ್ಲಾಸಿನಿಂದ 1986ರ ಎಸ್ಸೆಸ್ಸೆಲ್ಸಿವರೆಗೆ, ನವುಲೆ ಕಡೆಯಿಂದ ನಡೆದು ಬರುತ್ತಿದ್ದ ನಾವು ಏಳೆಂಟು ಹುಡುಗರು ತಡವಾದಾಗಲೆಲ್ಲ ಅದನ್ನೇ ಹೇಳಿದೆವು. ಗೇಟಿನ ಆಚೆ ಮನೆ, ಈಚೆ ಶಾಲೆ, ನಡುವೆ ತಾಳಗುಪ್ಪಕ್ಕೆ ಹೋಗುವ ಮೀಟರ್ ಗೇಜ್ ಹಳಿ. ದಿನಕ್ಕೆ ಓಡುತ್ತಿದ್ದದ್ದು ಬೆರಳಲ್ಲಿ ಎಣಿಸುವಷ್ಟು ಗಾಡಿ. ಆದರೆ ನಮ್ಮ ಬಾಯಲ್ಲಿ ಓಡಿದಷ್ಟು ರೈಲು ಬೀರೂರು ಜಂಕ್ಷನ್ನಿನಲ್ಲೂ ಓಡಿರಲಿಕ್ಕಿಲ್ಲ. ಗೋಲಿ ಆಡಿ ತಡವಾದರೆ ಪ್ಯಾಸೆಂಜರ್, ಮಾವಿನಕಾಯಿಗೆ ಕಲ್ಲು ಹೊಡೆದು ತಡವಾದರೆ ಗೂಡ್ಸು. ಹೊಸದಾಗಿ ಶುರುವಾಗಿದ್ದ ಇಂಜಿನಿಯರಿಂಗ್ ಕಾಲೇಜಿನ ಹುಡುಗರ ಬೆಲ್‌ಬಾಟಮ್ ನೋಡುತ್ತ ನಿಂತು ತಡವಾದರೆ, ಗೂಡ್ಸು ಮತ್ತು ಪ್ಯಾಸೆಂಜರ್ ಎರಡೂ.

ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, "ಗೇಟ್ ಹಾಕಿತ್ತು ಸಾರ್" ಅನ್ನುವುದು. ಗಣಿತದ ಮೇಷ್ಟ್ರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, "ಹ್ಞೂಂ, ಬಾ. ಕೂತ್ಕೋ" ಅನ್ನುವುದು. ಆಮೇಲೆ ಹಾಜರಿ ಪುಸ್ತಕ ತೆರೆದು ನಮ್ಮ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದ ಚೌಕಕ್ಕೆ ಒಂದು ಗೆರೆ ಎಳೆಯುವುದು. ಮೂರು ವರ್ಷ ಇದೇ ನಡೆಯಿತು. ಮೇಷ್ಟ್ರಿಗೆ ನಮ್ಮ ಸುಳ್ಳು ಗೊತ್ತಾಗಲಿಲ್ಲ ಅಂತ ನಾವು ನಂಬಿದ್ದೆವು. ಹದಿನೈದರ ವಯಸ್ಸಿನ ಹುಡುಗರು ಏನನ್ನು ಬೇಕಾದರೂ ನಂಬುತ್ತಾರೆ.

ನಮ್ಮ ತರಗತಿಯಲ್ಲಿ ಒಂದೇ ಹೆಸರಿನವರು ಮೂರು ಮೂರು ಜನ ಇದ್ದುದರಿಂದ ಹಾಜರಿ ನಂಬರೇ ಹೆಸರಾಗಿತ್ತು. ನಾನು ಇಪ್ಪತ್ಮೂರು. ನನ್ನ ಜೊತೆ ಗೇಟು ದಾಟಿ ಬರುತ್ತಿದ್ದವನು ಹದಿನೇಳು. ಮೇಷ್ಟ್ರು ಅಡಿಕೆ ತೋಟದ ಮನೆಯವರು. ಉತ್ತರಪತ್ರಿಕೆ ಹಂಚುವಾಗ ಅವರಿಗೆ ಶಿವಮೊಗ್ಗದ ಮಂಡಿಯೇ ನೆನಪಾಗುತ್ತಿತ್ತು. ಎಂಬತ್ತರ ಮೇಲೆ ತೆಗೆದವರು ಸರಕು, ಅರವತ್ತರವರು ಬೆಟ್ಟೆ, ಪಾಸಾದವರು ರಾಶಿ, ಉಳಿದವರು ಗೊರಬಲು. ನಾನು ರಾಶಿಯಲ್ಲಿ ರಾಶಿ. ಹದಿನೇಳು ಖಾಯಂ ಗೊರಬಲು. "ಗೊರಬಲೂ ಅಡಿಕೆಯೇ ಕಣ್ರೋ, ಅದನ್ನೂ ಕೊಳ್ಳೋರಿದಾರೆ" ಎಂದು ಮೇಷ್ಟ್ರೇ ಸಮಾಧಾನ ಹೇಳುತ್ತಿದ್ದರು. ಕ್ಲಾಸು ನಗುತ್ತಿತ್ತು. ಹದಿನೇಳೂ ನಗುತ್ತಿದ್ದ.

ಆರು ವರ್ಷದ ಹಿಂದೆ ಯಾರೋ ಒಬ್ಬರು ವಾಟ್ಸ್ಆ್ಯಪ್ ಗುಂಪು ಕಟ್ಟಿದರು. ಹುಡುಗರು ಒಂದೇ ವಾರದಲ್ಲಿ ಸಿಕ್ಕಿದರು. ಒಬ್ಬ ಗೋಪಿ ಸರ್ಕಲ್ಲಿನಲ್ಲಿ ಅಂಗಡಿ ಇಟ್ಟಿದ್ದ, ಅವನಿಗೆ ಇನ್ನೊಬ್ಬನ ಅಣ್ಣ ಗೊತ್ತಿದ್ದ, ಅಣ್ಣನಿಗೆ ಮತ್ತೊಬ್ಬನ ಮಾವ. ಗಂಡಸರು ಹುಟ್ಟಿದ ಊರಿನಲ್ಲೇ ಇರುತ್ತಾರೆ, ಇಲ್ಲವಾದರೆ ಅವರ ಹೆಸರಾದರೂ ಇರುತ್ತದೆ. ಹುಡುಗಿಯರನ್ನು ಹುಡುಕಲು ಒಂದೂವರೆ ವರ್ಷ ಹಿಡಿಯಿತು. ಅವರ ಇನಿಷಿಯಲ್ ಬದಲಾಗಿತ್ತು, ಊರು ಬದಲಾಗಿತ್ತು, ಕೆಲವರ ಹೆಸರೇ ಬದಲಾಗಿತ್ತು. ಕಡೆಗೆ ನಮ್ಮ ಹುಡುಗಿಯೊಬ್ಬಳು ಹೂಡಿದ ಉಪಾಯವೇ ಗೆದ್ದಿತು. ಅವಳು ಫೋನು ಬಿಟ್ಟು ಹಳೇ ಬೀದಿಗಳಲ್ಲಿ ಇನ್ನೂ ಉಳಿದಿದ್ದ ಅಮ್ಮಂದಿರನ್ನು ಹಿಡಿದಳು. ಗೌರಿ ಹಬ್ಬಕ್ಕೆ ಯಾವ ಮಗಳಿಗೆ ಯಾವ ಊರಿಗೆ ಬಾಗಿನ ಹೋಗುತ್ತದೆ ಎನ್ನುವುದು ಆ ಅಮ್ಮಂದಿರಿಗೆ ಬಾಯಿಪಾಠ. ಗೂಗಲ್ಲಿಗೆ ಸಿಗದ ಹನ್ನೊಂದು ಜನ ಅರಿಶಿನ ಕುಂಕುಮದ ದಾರಿಯಲ್ಲಿ ಸಿಕ್ಕಿದರು.

ಸಿಕ್ಕ ಮೇಲೆ ಶುರುವಾದದ್ದು ವ್ಯಾಕರಣದ ತೊಂದರೆ. ಮೂರು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದರೂ ನಾವು ಹುಡುಗ ಹುಡುಗಿಯರು ಒಂದು ಮಾತೂ ಆಡಿರಲಿಲ್ಲ. ಈಗ ಏಕವಚನವೋ ಬಹುವಚನವೋ? ಹುಡುಗರು ಹುಡುಗರಿಗೆ "ಏನೋ" ಅನ್ನುತ್ತಿದ್ದರು, ಅದರ ಕೆಳಗೇ ಹುಡುಗಿಯರಿಗೆ "ತಾವು ಹೇಗಿದ್ದೀರಿ" ಎಂದು ಬರೆಯುತ್ತಿದ್ದರು. ಬ್ಯಾಂಕ್ ಮ್ಯಾನೇಜರ್ ಆಗಿದ್ದವಳಿಗೆ ಮೇಡಂ. ಎರಡು ತಿಂಗಳಾದ ಮೇಲೆ ಅವಳೇ ಒಂದು ದಿನ "ಮೇಡಂ ಅಂದವನಿಗೆ ಒದೀತೀನಿ" ಎಂದು ಬರೆದಳು. ಆ ದಿನ ಗುಂಪಿಗೆ ಜೀವ ಬಂತು.

ಆಮೇಲೆ ನೆನಪುಗಳ ಹಂಚಿಕೆ. ಹಂಚಿಕೆ ಅನ್ನುವುದಕ್ಕಿಂತ ಪಾಲುಪಟ್ಟಿಯ ಜಗಳ ಅನ್ನಬೇಕು. ಶಾಲೆಯ ಅಂಗಳದಲ್ಲಿದ್ದದ್ದು ಹೊಂಗೆ ಮರವೋ ಬೇವಿನ ಮರವೋ ಎಂದು ಮೂರು ದಿನ ಯುದ್ಧ ನಡೆಯಿತು. ಹೊಂಗೆಯವರು ಹೂವಿನ ಸಾಕ್ಷಿ ಕೊಟ್ಟರು. ಬೇವಿನವರು, ಯುಗಾದಿಯ ಹಿಂದಿನ ದಿನ ಚಿಗುರು ಕಿತ್ತದ್ದಕ್ಕೆ ಬಿದ್ದ ಏಟಿನ ಸಾಕ್ಷಿ ಕೊಟ್ಟರು. ಕಡೆಗೆ ಬೀಳ್ಕೊಡುಗೆಯ ಕಪ್ಪು ಬಿಳುಪು ಫೋಟೋ ಒಬ್ಬಳ ಟ್ರಂಕಿನಿಂದ ಹೊರಬಂತು. ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆವು. ಮರ ಚೌಕಟ್ಟಿನ ಆಚೆ ಉಳಿದಿತ್ತು. ನಮ್ಮ ಬರಿಗಾಲುಗಳ ಮೇಲೆ ಚುಕ್ಕಿಚುಕ್ಕಿ ನೆರಳು ಬಿದ್ದಿತ್ತು, ಅಷ್ಟೇ. ಅರವತ್ತು ಮಕ್ಕಳಲ್ಲಿ ಚಪ್ಪಲಿ ಹಾಕಿದವರು ಒಂಬತ್ತು ಜನ. ಅದು ಯಾರ ನೆನಪಿನಲ್ಲೂ ಇರಲಿಲ್ಲ. ಬರಿಗಾಲನ್ನು ನೋಡಿದ ಮೇಲೆ ಮರದ ಮಾತು ಯಾರೂ ಎತ್ತಲಿಲ್ಲ.

ನನ್ನ ಹೆಂಡತಿಯ ಗುಂಪಿನಲ್ಲಿ ಇಂಥ ಜಗಳವೇ ಇಲ್ಲ. ಅವಳು ಭದ್ರಾವತಿಯವಳು, ಪೇಪರ್ ಟೌನ್ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಶಿವಮೊಗ್ಗದಿಂದ ಸಿಟಿ ಬಸ್ಸಿನ ದೂರ, ಆದರೆ ಅದರ ಗುಣವೇ ಬೇರೆ. ನಮ್ಮ ಊರು ತಾನಾಗಿ ಬೆಳೆದದ್ದು, ಅವರದ್ದು ಸೈರನ್ನಿಗೆ ಎದ್ದು ಸೈರನ್ನಿಗೆ ಮಲಗಿದ್ದು. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಹಳ್ಳಿಯ ಮಗ್ಗುಲಿಗೆ 1923ರಲ್ಲಿ ಕಬ್ಬಿಣ ಕರಗತೊಡಗಿತು. 1936ರಲ್ಲಿ ಕಾಗದದ ಕಂಪನಿ ಎಂಪಿಎಂ ಹುಟ್ಟಿತು. ತಮಿಳರು, ತೆಲುಗರು, ಮಲೆಯಾಳಿಗಳು, ಬಯಲುಸೀಮೆಯವರು, ಎಲ್ಲರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಭದ್ರಾವತಿ ಕನ್ನಡ ಆಡಿದರು.

ಎಂಪಿಎಂ ಯಂತ್ರಗಳು 2015ರಲ್ಲಿ ನಿಂತವು. ಕಬ್ಬಿಣದ ಕಾರ್ಖಾನೆಗೆ ಸರಿಯಾಗಿ ನೂರು ತುಂಬಿದ 2023ರ ಜನವರಿಯಲ್ಲೇ ಅದನ್ನೂ ಮುಚ್ಚುವ ಸುದ್ದಿ ಬಂತು. ಕಾರ್ಖಾನೆ ನಿಂತರೆ ಕ್ವಾರ್ಟರ್ಸು ಖಾಲಿಯಾಗುತ್ತದೆ, ಕ್ವಾರ್ಟರ್ಸು ಖಾಲಿಯಾದರೆ ತವರೇ ಖಾಲಿ. ಅಲ್ಲಿ ಬಾಗಿನದ ವಿಳಾಸ ಹೇಳಲು ಅಮ್ಮಂದಿರೂ ಉಳಿದಿರಲಿಲ್ಲ. ನಿವೃತ್ತರಾದ ಅಪ್ಪಂದಿರ ಜೊತೆ ಅವರೂ ಒಬ್ಬೊಬ್ಬರು ಒಂದೊಂದು ಊರು ಸೇರಿದ್ದರು.

ಆದ್ದರಿಂದ ಅವರ ಗುಂಪಿನಲ್ಲಿ ಹೆಸರಿನ ಜೊತೆ ಮನೆ ನಂಬರು ಇರುತ್ತದೆ. ಹೊಸದಾಗಿ ಸೇರಿದವರು ಮೊದಲು ಹೇಳುವುದು "ಇಂಥ ಲೈನು, ಇಂಥ ಮನೆ, ನಲ್ಲಿಯ ಎದುರಿನದು" ಎಂದು. ಗುಂಪಿನವರು ಪಕ್ಕದ ಮನೆಯವರನ್ನು, ಹಿಂದಿನ ಲೈನಿನವರನ್ನು ಕೂಡಿಸುತ್ತ ಹೋಗಿ, ಈಗ ಹೆಚ್ಚುಕಡಿಮೆ ಇಡೀ ಕಾಲೊನಿ ಫೋನಿನೊಳಗೆ ಮತ್ತೆ ಎದ್ದು ನಿಂತಿದೆ. ಎರಡು ವರ್ಷದ ಹಿಂದೆ ಅವರೆಲ್ಲ ಪೇಪರ್ ಟೌನಿನಲ್ಲಿ ಸೇರಿದಾಗ ನಾನೂ ಹಿಂದೆ ಹೋಗಿದ್ದೆ, ಡ್ರೈವರನಾಗಿ. ಸೊಂಟದೆತ್ತರ ಹುಲ್ಲು ಬೆಳೆದಿದ್ದ ಲೈನಿನಲ್ಲಿ ಐವತ್ತು ದಾಟಿದ ಹೆಂಗಸರು ಸೀರೆ ಎತ್ತಿಕಟ್ಟಿ ನುಗ್ಗಿ, ಅವರವರ ಬಾಗಿಲ ಮುಂದೆ ನಿಂತರು. ಬಾಗಿಲಿಗೆ ಬೀಗ, ಕೆಲವಕ್ಕೆ ಬಾಗಿಲೇ ಇಲ್ಲ. ನನ್ನವಳು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲನ್ನು ಹುಡುಕಿದಳು. ಸಿಕ್ಕಿತು. ಅದರ ಒಂದು ಮೂಲೆ ಒಡೆದಿತ್ತು. "ಇದನ್ನ ಒಡೆದವಳು ನಾನು. ಅಮ್ಮನಿಗೆ ಪಕ್ಕದ್ಮನೆ ಹುಡುಗ ಅಂತ ಹೇಳಿದ್ದೆ" ಅಂದಳು. ಆ ಪಕ್ಕದ್ಮನೆ ಹುಡುಗ ಬಕ್ಕತಲೆಯಲ್ಲಿ ಅಲ್ಲೇ ನಿಂತಿದ್ದ. "ನಂಗೆ ಗೊತ್ತು, ಅವತ್ತು ಬೈಸಿಕೊಂಡೋನು ನಾನೇ" ಅಂದ. ನಲವತ್ತು ವರ್ಷದ ಕೇಸು ಒಂದು ನಿಮಿಷದಲ್ಲಿ ಇತ್ಯರ್ಥವಾಯಿತು.

ಹಳೇ ಸ್ನೇಹಿತರು ಯಾಕೆ ಬೇಕು ಎನ್ನುವುದು ನನಗೆ ಅಲ್ಲಿ ಹೊಳೆಯಿತು. ಆಮೇಲಿನ ಬದುಕಿನಲ್ಲಿ ನಾವು ಹೇಳುವ ಸುಳ್ಳುಗಳು ಜಾಣತನದವು. ಬಯೋಡೇಟಾದಲ್ಲಿ ಇರುತ್ತವೆ, ಭಾಷಣದಲ್ಲಿ ಇರುತ್ತವೆ, ಎದುರಿಗಿದ್ದವರು ನಂಬಿಯೂ ಬಿಡುತ್ತಾರೆ. ನಮ್ಮ ಮೊದಲ, ಕಚ್ಚಾ ಸುಳ್ಳುಗಳನ್ನು ಬಲ್ಲವರು ಈ ಐವತ್ತು ಅರವತ್ತು ಜನ ಮಾತ್ರ. ಅವರ ಮುಂದೆ ಒಳ್ಳೆಯವನಾಗಲು ಹೆಣಗಬೇಕಾಗಿಲ್ಲ. ಹೆಣಗಿದರೂ ನಡೆಯುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ನಮ್ಮದೂ ಗುರುವಂದನೆ ಆಯಿತು. ಈಗ ಊರೂರಲ್ಲಿ ಆಗುತ್ತಿರುವಂತೆಯೇ: ಶಾಮಿಯಾನ, ಫ್ಲೆಕ್ಸು, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಮಧ್ಯಾಹ್ನಕ್ಕೆ ಹೋಳಿಗೆ. ಆಮಂತ್ರಣದಲ್ಲಿ "1986ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳು" ಎಂದು ಅಚ್ಚಾಗಿತ್ತು. ಕರೆಯೋಲೆ ಕೊಡಲು ನಾನೇ ಹದಿನೇಳಿಗೆ ಫೋನು ಮಾಡಿದೆ. ಆತ ಗುಂಪಿನಲ್ಲಿದ್ದ, ಆರು ವರ್ಷದಲ್ಲಿ ಒಂದಕ್ಷರ ಬರೆದಿರಲಿಲ್ಲ. ಎಲ್ಲ ಓದುತ್ತಿದ್ದ, ನೀಲಿ ಗುರುತು ಮೂಡುತ್ತಿತ್ತು, ಅಷ್ಟೇ.

"ನಾನು ಯಾವ ಸಾಲಿನೋನು ಮಾರಾಯ?" ಅಂದ. "ಮೂರು ಸಲ ಕಟ್ಟಿದೆ. ಮೂರನೇ ಸಲಕ್ಕೂ ಲೆಕ್ಕದಲ್ಲಿ ಹೋಯ್ತು. ನಂದು ಯಾವ ಸಾಲೂ ಅಲ್ಲ, ಬರೀ ಕೊನೇ ಸಾಲು."

ನಾನು ಏನೋ ಹೇಳಿ ನಕ್ಕೆ. ಫೋನಿಟ್ಟ ಮೇಲೆ ಮೈ ಬಿಸಿಯಾಯಿತು. ಆ ವರ್ಷ ಫಲಿತಾಂಶದ ದಿನ ಬೋರ್ಡಿನ ಮುಂದೆ ನಾವಿಬ್ಬರೂ ಒಟ್ಟಿಗೆ ನಿಂತಿದ್ದೆವು. ನನ್ನ ನಂಬರು ಇತ್ತು, ಅವನದ್ದು ಇರಲಿಲ್ಲ. ಗೇಟಿನವರೆಗೆ ಒಟ್ಟಿಗೆ ಬಂದೆವು. ಅವತ್ತು ನಿಜವಾಗಿಯೂ ಗೇಟು ಹಾಕಿತ್ತು. ನಾನು ಕಂಬಿಯ ಕೆಳಗೆ ನುಸುಳಿ ಆಚೆ ದಾಟಿ ಮನೆಗೆ ಓಡಿದೆ, ಅಮ್ಮನಿಗೆ ಹೇಳುವ ಅವಸರದಲ್ಲಿ. ತಿರುಗಿ ನೋಡಲಿಲ್ಲ. ಅಲ್ಲಿಂದಾಚೆ ನಾವು ಜೊತೆಯಾಗಿ ನಡೆದದ್ದೂ ಇಲ್ಲ. ಪಾಸು ಫೇಲು ಅನ್ನುವುದು ಆ ಕಾಲದಲ್ಲಿ ಜಾತಿಯಷ್ಟೇ ಗಟ್ಟಿ ಗೋಡೆ. ನಮ್ಮ ಗುಂಪಿನ ಇಷ್ಟೊಂದು ನೆನಪಿನ ಮಾತಿನಲ್ಲಿ ಆ ದಿನದ ಮಾತು ಮಾತ್ರ ಯಾರ ಬಾಯಲ್ಲೂ ಬಂದಿರಲಿಲ್ಲ.

ಸಮಾರಂಭದ ಬೆಳಿಗ್ಗೆ ನಾನು ಬೆಂಗಳೂರಿನಿಂದ ಬೇಗನೇ ತಲುಪಿದ್ದೆ. ಸವಳಂಗ ರಸ್ತೆಯಲ್ಲಿ ಈಗ ಗೇಟಿಲ್ಲ, ಮೇಲ್ಸೇತುವೆ ಇದೆ. ಶಿಕಾರಿಪುರದ ಬಸ್ಸುಗಳು ರೈಲಿನ ನೆತ್ತಿಯ ಮೇಲೇ ಹಾದುಹೋಗುತ್ತವೆ. ನವುಲೆಯಲ್ಲಿ ರಣಜಿ ಪಂದ್ಯ ಆಡುವ ಮೈದಾನ ಬಂದಿದೆ. ನಾನು ಗಾಡಿ ಬದಿಗಿಟ್ಟು ಸೇತುವೆಯ ಕೆಳಗೆ ಇಳಿದೆ. ಹಳಿ ಈಗ ಅಗಲ. ಕಂಬಿಯಿಲ್ಲ, ಗೇಟಿನವನ ಗುಡಿಸಲಿಲ್ಲ. ನಾನು ನುಸುಳಿದ ಜಾಗ ಯಾವುದು ಎಂದು ಹುಡುಕುತ್ತ ಎಷ್ಟು ಹೊತ್ತು ನಿಂತೆನೋ. ಶಾಮಿಯಾನಕ್ಕೆ ಬರುವಷ್ಟರಲ್ಲಿ ಪ್ರಾರ್ಥನೆ, ಸ್ವಾಗತ ಎರಡೂ ಮುಗಿದಿದ್ದವು.

ವೇದಿಕೆಯಲ್ಲಿ ಮೇಷ್ಟ್ರು ಕೂತಿದ್ದರು. ಎಂಬತ್ತೈದು ದಾಟಿದೆ, ಪೇಟ ಕಿವಿಯವರೆಗೆ ಇಳಿದಿತ್ತು. ನಾನು ಬಗ್ಗಿ ಕಾಲು ಮುಟ್ಟಿದಾಗ ಗಡಿಯಾರ ನೋಡಿಕೊಂಡು, "ಈಗ ಏನು ಹೇಳ್ತೀಯೋ? ಗೇಟ್ ತೆಗೆದುಹಾಕಿದಾರಲ್ಲ" ಅಂದರು. ಮೈಕಿನಲ್ಲಿ ಕೇಳಿ ಎಲ್ಲರೂ ಗೊಳ್ಳೆಂದರು.

"ಸಾರ್, ನಿಮಗೆ ಗೊತ್ತಿತ್ತಾ?"

"ನಾನೂ ಆ ರೈಲಿಗೇ ಕುಂಸಿಗೆ ಹೋಗಿ ಬರ್ತಿದ್ದೋನು ಕಣೋ, ಅಡಿಕೆ ನೋಡಿಕೊಳ್ಳೋಕೆ. ಯಾವ ಗಾಡಿ ಎಷ್ಟು ಹೊತ್ತಿಗೆ ಅಂತ ನಂಗೆ ಗೊತ್ತಿರಲ್ವಾ?" ಆಮೇಲೆ ಮೈಕಿನಿಂದ ಮುಖ ತಿರುಗಿಸಿ ಮೆತ್ತಗೆ ಅಂದರು: "ಸುಳ್ಳು ಹೇಳೋಕಾದ್ರೂ ಓಡಿ ಬರ್ತಿದ್ರಲ್ಲ. ಬಾಗಿಲಿಗೆ ಬಂದೋನನ್ನ ಗೈರುಹಾಜರಿ ಅಂತ ಬರೆಯೋದು ಹ್ಯಾಗೆ?"

ಹದಿನೇಳು ಬಂದಿರಲಿಲ್ಲ. ಸಂಜೆ ಗುಂಪಿನಲ್ಲಿ ಇನ್ನೂರು ಫೋಟೋ ಬಂದು ಬಿದ್ದವು. ಮೇಷ್ಟ್ರು ಆಡಿದ ಮಾತನ್ನು ನಾನು ಬರೆದು ಹಾಕಿದೆ. ಅದರ ಜೊತೆಗೇ, ಯಾರೂ ಕೇಳದಿದ್ದರೂ, ಫಲಿತಾಂಶದ ದಿನ ಕಂಬಿಯ ಕೆಳಗೆ ನುಸುಳಿ ಓಡಿದ ವಿಷಯವನ್ನೂ ಬರೆದೆ. ಯಾರ ಹೆಸರೂ ಹಾಕಲಿಲ್ಲ. ಸ್ವಲ್ಪ ಹೊತ್ತು ಗುಂಪು ಸುಮ್ಮನಿತ್ತು.

ರಾತ್ರಿ ಹನ್ನೊಂದೂವರೆಗೆ ಫೋನು ಮಿನುಗಿತು. ಹದಿನೇಳು. ಆರು ವರ್ಷದಲ್ಲಿ ಅವನ ಮೊದಲ ಸಾಲು:

"ಗೇಟ್ ಹಾಕಿತ್ತು."

ನಾನು ಏನು ಬರೆಯಬೇಕೆಂದು ತಡವರಿಸುವಷ್ಟರಲ್ಲಿ ಬ್ಯಾಂಕ್ ಮ್ಯಾನೇಜರ್ ಉತ್ತರ ಹಾಕಿಯಾಗಿತ್ತು.

"ಹ್ಞೂಂ, ಬಾ. ಕೂತ್ಕೋ."