ರಸಬಾಳೆಯ ಋಣ

ಹೊರಊರಿನಲ್ಲಿ ಇಬ್ಬರು ಮೈಸೂರಿನವರು ಎದುರಾದರೆ ಮಕ್ಕಳ ಓದು, ಮದುವೆ ಇತ್ಯಾದಿ ಮುಗಿಯುವ ಮೊದಲೇ ಮಾತು ತಿಂಡಿಗೆ ಇಳಿಯುತ್ತದೆ. ನಜರ್‌ಬಾದಿನ ಮೈಲಾರಿಗಳಲ್ಲಿ ಅಸಲಿ ಯಾವುದು, ಚುರುಮುರಿಗೆ ಬಲ್ಲಾಳ್ ಸರ್ಕಲ್ಲೋ ಅಗ್ರಹಾರವೋ, ಮೈಸೂರುಪಾಕು ಗೂಡುಗೂಡಾಗಿ ಗಟ್ಟಿ ಇರಬೇಕೋ ಬಾಯಿಗಿಟ್ಟರೆ ಕರಗಬೇಕೋ, ಈ ವ್ಯಾಜ್ಯಗಳಿಗೆ ತೀರ್ಪಿಲ್ಲ. ತೀರ್ಪು ಯಾರಿಗೂ ಬೇಕಾಗಿಯೂ ಇಲ್ಲ. ನಾನೂ ಖುಷಿಯಿಂದ ವಾದಕ್ಕೆ ಇಳಿಯುತ್ತೇನೆ. (ಪಾಕಿನ ವಿಷಯದಲ್ಲಿ ನನ್ನದು ಗಟ್ಟಿ ಪಕ್ಷ.) ಆದರೆ ಹೋಟೆಲುಗಳಿಗಾಗಿ ನಾವು ಸುರಿಸುವ ಕಣ್ಣೀರು ಸ್ವಲ್ಪ ಜಾಸ್ತಿಯೇ ಆಯಿತೇನೋ ಎಂದು ಈಚೆಗೆ ಅನ್ನಿಸುತ್ತಿದೆ. ಒಂದು ಹೋಟೆಲು ಮುಚ್ಚಿದರೆ ಅಲ್ಲಿನ ಭಟ್ಟರು ಇನ್ನೊಂದು ಬೀದಿಯಲ್ಲಿ ಒಲೆ ಹಚ್ಚುತ್ತಾರೆ. ಹಿಟ್ಟಿನ ಹದ ಮಗನಿಗೋ ಅಳಿಯನಿಗೋ ಗೊತ್ತಿರುತ್ತದೆ. ಮಣ್ಣಿನಲ್ಲಿ ಹುಟ್ಟಿದ ರುಚಿ ಹೋದರೆ ಅದಕ್ಕೆ ಮಗನೂ ಇಲ್ಲ, ಅಳಿಯನೂ ಇಲ್ಲ.

ಹಳೆಯ ಮೈಸೂರು ತನ್ನ ಸುತ್ತಲಿನ ನೆಲವನ್ನೇ ಉಣ್ಣುತ್ತಿತ್ತು. ವೀಳ್ಯದೆಲೆ ಅಗ್ರಹಾರದ ಪೂರ್ಣಯ್ಯನ ಛತ್ರದ ಕಡೆಯಿಂದ ನಂಜನಗೂಡು ರಸ್ತೆಯತ್ತ ಹಬ್ಬಿದ್ದ ಎಲೆತೋಟದ್ದು. ವಾಂಗಿಭಾತಿಗೆ ಈರನಗೆರೆ ಬದನೆಕಾಯಿಯೇ ಆಗಬೇಕು. ಮುಡಿಗೆ ಊರ ಸುತ್ತಮುತ್ತ ಬಿಡಿಸಿದ ಮಲ್ಲಿಗೆ. ಬಾಳೆಹಣ್ಣು ಎಂದರೆ ನಂಜನಗೂಡಿನ ರಸಬಾಳೆ. ಪದಾರ್ಥದ ಹೆಸರಿಗೆ ಊರಿನ ಹೆಸರು ಅಂಟಿಕೊಂಡಿದ್ದದ್ದು ಜಂಭಕ್ಕಲ್ಲ. ಮಾರುಕಟ್ಟೆಗೆ ಚೀಲ ಹಿಡಿದು ಹೊರಟ ಅಪ್ಪನಿಗೆ ಅಮ್ಮ ಕೊಡುತ್ತಿದ್ದ ವಿಳಾಸ ಅದು.

ವರ್ಷವೂ ನಾಲಿಗೆಯ ಮೇಲೆಯೇ ತಿರುಗುತ್ತಿತ್ತು. ಆಷಾಢದ ಶುಕ್ರವಾರ ಚಾಮುಂಡಿ ಬೆಟ್ಟದಿಂದ ಇಳಿದವರ ಕೈಯಲ್ಲಿ ದೊನ್ನೆ ಮೊಸರನ್ನ. ಧನುರ್ಮಾಸದಲ್ಲಿ ಕತ್ತಲಿರುವಾಗಲೇ ದೇವಸ್ಥಾನದ ಹುಗ್ಗಿ. ಹಿಂದೆಯೇ ಅವರೆಕಾಯಿ ಬಂದು, ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಹಿತಕಿದಬೇಳೆ ಸಾರಿನವರೆಗೆ ಮನೆಯನ್ನೇ ಆಳುತ್ತಿತ್ತು. ಸಂಕ್ರಾಂತಿಗೆ ಎಳ್ಳು, ಕಬ್ಬು. ರಾಮನವಮಿಗೆ ಪಾನಕ, ಕೋಸಂಬರಿ. ಆಮೇಲೆ ತಾರಸಿಯ ಮೇಲೆ ಸಂಡಿಗೆ, ಅದನ್ನು ಕಾಯಲು ನಾವು, ನಮ್ಮಿಂದ ಸಂಡಿಗೆಯನ್ನು ಕಾಯಲು ಅಜ್ಜಿ.

ದಸರೆಯದು ಬೇರೆಯೇ ಕಥೆ. ಹೊರಗಿನವರಿಗೆ ದಸರೆ ಎಂದರೆ ಜಂಬೂಸವಾರಿ. ಬೀದಿಯ ಮಕ್ಕಳಿಗೆ ಅದು ಒಂಬತ್ತು ಸಂಜೆಗಳ ತಿಂಡಿಯ ಸುಗ್ಗಿ. ಮುಖ ತೊಳೆದು ಗುಂಪು ಕಟ್ಟಿಕೊಂಡು ಮನೆಮನೆಯ ಬಾಗಿಲಿಗೆ ಹೋಗಿ "ರೀ, ಗೊಂಬೆ ಕೂರಿಸಿದ್ದೀರಾ?" ಎಂದು ಕೂಗಬೇಕು. ಒಳಗೆ ಕರೆದರೆ ಪಟ್ಟದ ಗೊಂಬೆಗಳನ್ನು, ಮಣ್ಣಿನ ಶೆಟ್ಟಿ ದಂಪತಿಯನ್ನು, ತಟ್ಟೆಯಲ್ಲಿ ರಾಗಿ ಮೊಳಕೆ ಹಾಕಿ ಮಾಡಿದ ಪಾರ್ಕನ್ನು ಭಕ್ತಿಯಿಂದ ನೋಡಿದ ಹಾಗೆ ಮಾಡಬೇಕು. ಕಣ್ಣು ಅಡುಗೆಮನೆಯ ಬಾಗಿಲ ಮೇಲೆ. ಗೊಂಬೆ ಬಾಗಿನ ಬರುವುದು ಅಲ್ಲಿಂದ. ಯಾರ ಮನೆಯಲ್ಲಿ ಕೊಬ್ಬರಿ ಮಿಠಾಯಿ, ಯಾರ ಮನೆಯಲ್ಲಿ ಕೋಡುಬಳೆ ಎಂಬ ವರ್ತಮಾನ ಬೀದಿಯ ಈ ತುದಿಯಿಂದ ಆ ತುದಿಗೆ ಕ್ಷಣದಲ್ಲಿ ಮುಟ್ಟುತ್ತಿತ್ತು. ಬರೀ ಹುರಿಗಡಲೆ ಸಕ್ಕರೆ ಕೊಡುವ ಮನೆಯ ಗೊಂಬೆಗಳು ಎಷ್ಟು ಚೆನ್ನಾಗಿದ್ದರೂ ನಮ್ಮ ದರ್ಶನಭಾಗ್ಯದಿಂದ ವಂಚಿತವಾಗುತ್ತಿದ್ದವು. ಇನ್ನು ವಸ್ತುಪ್ರದರ್ಶನ. ನಾಡಿನ ಜನ ಹೊಸ ಬೆಳವಣಿಗೆಗಳನ್ನು ಕಂಡು ತಿಳಿಯಲಿ ಎಂದು ಚಾಮರಾಜೇಂದ್ರ ಒಡೆಯರು 1880ರಲ್ಲಿ ಆರಂಭಿಸಿದ್ದು. ನಾವು ಕಂಡು ತಿಳಿದದ್ದು ಡೆಲ್ಲಿ ಹಪ್ಪಳವನ್ನು. ಮುಖಕ್ಕಿಂತ ಅಗಲ, ಮೇಲೆ ಕೆಂಪಗೆ ಉದುರಿಸಿದ ಖಾರದ ಪುಡಿ, ಎರಡು ಕೈಯಲ್ಲಿ ಹಿಡಿದರೂ ಮುರಿದು ಅಂಗಿಯ ಮೇಲೆ ಬೀಳಲೇಬೇಕು. ಅದಕ್ಕೆ ಡೆಲ್ಲಿ ಎಂಬ ಹೆಸರೇಕೆ ಎಂದು ಯಾರೂ ಕೇಳಲಿಲ್ಲ. ಮುಂದೆ ಡೆಲ್ಲಿಗೆ ಹೋದಾಗ ಹುಡುಕಿದೆ, ಅಲ್ಲಿ ಅದರ ಸುಳಿವಿರಲಿಲ್ಲ.

ಇಷ್ಟೂ ಹಬ್ಬಗಳ ತಟ್ಟೆಯಲ್ಲಿ ಸದ್ದಿಲ್ಲದೆ ಕೂತಿರುತ್ತಿದ್ದದ್ದು ಬಾಳೆಹಣ್ಣು. ತಾಂಬೂಲಕ್ಕೆ ಎರಡು, ಪಂಚಾಮೃತಕ್ಕೆ ನಾಲ್ಕು, ಸತ್ಯನಾರಾಯಣನ ಸಜ್ಜಿಗೆಗೆ ಚಿಪ್ಪುಗಟ್ಟಲೆ. ಕಾಯಿಹಾಲು, ಬೆಲ್ಲ, ಏಲಕ್ಕಿ ಬೆರೆಸಿದ ರಸಾಯನಕ್ಕಂತೂ ಲೆಕ್ಕವೇ ಇಲ್ಲ. ನಮ್ಮ ಮನೆಗೆ ಅದನ್ನು ತರುತ್ತಿದ್ದವರು ನಂಜನಗೂಡಿನ ದೊಡ್ಡಪ್ಪ.

ದೊಡ್ಡಪ್ಪನಿಗೆ ದೇವರಸನಹಳ್ಳಿಯ ಕಡೆ ಒಂದು ಚಿಕ್ಕ ತೋಟವಿತ್ತು. ರಸಬಾಳೆಗೆ ಹೆಸರಾದ ಊರು ಅದು. ಹಬ್ಬದ ಮೂರು ನಾಲ್ಕು ದಿನ ಮೊದಲು ಅವರು ಮೀಟರ್‌ಗೇಜಿನ ರೈಲಿನಲ್ಲಿ ಬಂದು ಚಾಮರಾಜಪುರಂ ನಿಲ್ದಾಣದಲ್ಲಿ ಇಳಿಯುತ್ತಿದ್ದರು. ಹೆಗಲ ಮೇಲೆ ಗೋಣಿಚೀಲ, ಚೀಲದೊಳಗೆ ಒಣಗಿದ ಬಾಳೆ ಎಲೆ, ಎಲೆಯೊಳಗೆ ಕಾಯಿ. ನಾನು ಓಡಿಹೋಗಿ ಚೀಲಕ್ಕೆ ಕೈ ಹಾಕಿದರೆ "ಮುಟ್ಟಬೇಡ ಮಗು, ಕನ್ನೆಕಾಯಿ" ಎನ್ನುತ್ತಿದ್ದರು. ಕೂಲಿಯವನ ಕೈಗೂ ಕೊಡುತ್ತಿರಲಿಲ್ಲ. ಮನೆಗೆ ಬಂದು ಕಾಲು ತೊಳೆದದ್ದೇ ನೇರ ಕತ್ತಲೆಕೋಣೆಗೆ ಹೋಗಿ ತಾವೇ ಹಗ್ಗ ಕಟ್ಟಿ ತೂಗುಹಾಕಿ, ಅಡುಗೆಮನೆಯ ಕಡೆ ತಿರುಗಿ, "ನೋಡಮ್ಮಾ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬರೋವರೆಗೆ ಯಾರಿಗೂ ಕೊಡಬೇಡ. ನಮ್ಮ ತಮ್ಮನಿಗೂ ಅಷ್ಟೇ" ಎಂದು ಆಜ್ಞೆ ಹೊರಡಿಸುತ್ತಿದ್ದರು. ಅಮ್ಮ ಬಾಗಿಲ ಮರೆಯಿಂದ "ಹೂಂ ಭಾವ" ಎನ್ನುತ್ತಿದ್ದರು. ತಮ್ಮ, ಅಂದರೆ ಅಪ್ಪ, ಪತ್ರಿಕೆಯಿಂದ ತಲೆ ಎತ್ತುತ್ತಿರಲಿಲ್ಲ.

ಆಮೇಲೆ ಕಾಯುವುದು. ಎರಡನೇ ದಿನಕ್ಕೆ ಕೋಣೆಯ ಬಾಗಿಲು ತೆಗೆದರೆ ವಾಸನೆ. ಮೂರನೆಯ ದಿನ ಬಾಗಿಲು ಮುಚ್ಚಿದರೂ ವಾಸನೆ. ಚುಕ್ಕೆ ಬಂದಿತೇ ಎಂದು ನೋಡಿ ಬರಲು ನಮ್ಮನ್ನು ಕಳಿಸುವುದಿಲ್ಲ, ಕಳಿಸಿದರೆ ಚುಕ್ಕೆ ಬಂದ ಹಣ್ಣು ತಿರುಗಿ ಬರುವುದಿಲ್ಲ. ಕೊನೆಗೂ ಕೈಗೆ ಸಿಕ್ಕಾಗ ಸಿಪ್ಪೆ ಕಾಗದದಷ್ಟು ತೆಳು, ಸುಲಿಯುವ ಮುಂಚೆಯೇ ಬಿರಿಯುವಂಥದ್ದು. ಒಳಗೆ ಬೆಣ್ಣೆಯ ಬಣ್ಣ. ಬರೀ ಸಿಹಿಯಲ್ಲ, ಸಿಹಿಯ ಬೆನ್ನಿಗೆ ಒಂದು ಎಳೆ ಹುಳಿ. ಕೆಲವು ಹಣ್ಣಿನ ನಡುವೆ ಗಟ್ಟಿ ಗಂಟು ಸಿಗುತ್ತಿತ್ತು. ಅದು ಈ ಜಾತಿಯ ದೋಷ ಎಂದು ತೋಟಗಾರಿಕೆಯವರು ಹೇಳುತ್ತಾರೆ. ನಮಗೆ ಗಂಟೇ ಅದೃಷ್ಟ, ಸಿಕ್ಕವನು ಎಲ್ಲರಿಗೂ ತೋರಿಸಿ ಕಡಿಯುತ್ತಿದ್ದ.

ಬಾಳೆಯ ವಿಷಯದಲ್ಲಿ ಒಂದು ಸಂಗತಿ ನನಗೆ ಬಹಳ ತಡವಾಗಿ ತಿಳಿಯಿತು. ತಿನ್ನುವ ಬಾಳೆಹಣ್ಣಿಗೆ ಮೊಳೆಯುವ ಬೀಜವಿಲ್ಲ. ತಾಯಿಗಿಡದ ಬುಡದಲ್ಲಿ ಎದ್ದ ಕಂದನ್ನು ಕಿತ್ತು ನೆಡಬೇಕು, ಅದರ ಬುಡದಲ್ಲಿ ಎದ್ದದ್ದನ್ನು ಮತ್ತೆ ನೆಡಬೇಕು. ಮಾವಿನ ಓಟೆಯಿಂದ ಹುಟ್ಟಿದ ಗಿಡ ತಾಯಿಯ ಹಾಗಿರಬಹುದು, ಇರದೆಯೂ ಇರಬಹುದು. ಬಾಳೆಯ ಕಂದು ತಾಯಿಯೇ. ಅಂದರೆ ನಾನು ಕತ್ತಲೆಕೋಣೆಯಲ್ಲಿ ಕದ್ದು ತಿಂದ ಹಣ್ಣು ದೊಡ್ಡಪ್ಪನ ಅಜ್ಜ ತಿಂದ ಗಿಡದ್ದೇ, ಅದೇ ದೇಹ, ನಡುವೆ ಕಡಿಯದೆ ಬಂದದ್ದು. ನಮ್ಮ ಮನೆತನದಲ್ಲಿ ಅಷ್ಟು ಬದಲಾಗದೆ ಉಳಿದದ್ದು ಬೇರೇನೂ ಇಲ್ಲ, ಮೂಗನ್ನೂ ಸೇರಿಸಿ.

ಆ ಗುಣವೇ ಅದಕ್ಕೆ ಮುಳುವಾಯಿತು. ಎಲ್ಲವೂ ಒಂದೇ ಗಿಡವಾದರೆ ಒಂದನ್ನು ಕೊಲ್ಲುವುದು ಎಲ್ಲವನ್ನೂ ಕೊಲ್ಲಬಲ್ಲದು. ಪನಾಮ ರೋಗ ಎಂದು ಪುಸ್ತಕದಲ್ಲಿ ಬರೆಯುತ್ತಾರೆ, ರೈತರ ಬಾಯಲ್ಲಿ ಸೊರಗು ರೋಗ. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು, ನೀರು ಹತ್ತುವ ನಾಳಗಳನ್ನು ಕಟ್ಟಿಬಿಡುತ್ತದೆ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು ದಿಂಡಿನ ಸುತ್ತ ಜೋತುಬೀಳುತ್ತವೆ. ಸಿಂಪಡಿಸಿ ಉಳಿಸುವ ಔಷಧವಿಲ್ಲ. ಗಿಡ ಕಿತ್ತರೂ ಅದು ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ, ಹಾಯಿಸಿದ ನೀರಿನಲ್ಲಿ, ಗುದ್ದಲಿಗೆ ಮೆತ್ತಿದ ಮಣ್ಣಿನಲ್ಲಿ ಪಕ್ಕದ ತೋಟಕ್ಕೆ ನಡೆದುಹೋಗುತ್ತದೆ. ಪ್ರೀತಿಯಿಂದ ನೆಂಟರಿಗೆ ಕೊಟ್ಟ ಕಂದಿನಲ್ಲೂ ಹೋಗುತ್ತದೆ.

ಒಂದು ರಜೆಯಲ್ಲಿ ನಾನು ತೋಟಕ್ಕೆ ಹೋಗಿದ್ದಾಗ ದೊಡ್ಡಪ್ಪ ಗೊನೆ ಹಾಕದ ಒಂದು ಗಿಡದ ದಿಂಡನ್ನು ಮಚ್ಚಿನಿಂದ ಅಡ್ಡ ಕಡಿದು ತೋರಿಸಿದರು. ಬಿಳಿಯಾಗಿ ನೀರು ಒಸರಬೇಕಾದ ಕಡೆ ಕಂದುಗೆಂಪು ಉಂಗುರಗಳು. "ಬುಡದಲ್ಲಿ ನೀರು ನಿಂತಿದೆ ನೋಡು. ಗಿಡಕ್ಕೆ ಕುಡಿಯೋಕೆ ಆಗ್ತಿಲ್ಲ" ಎಂದರು. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಮಚ್ಚನ್ನು ಒರೆಸಿ ಇಟ್ಟರು. ಮುಂದಿನ ವರ್ಷಗಳಲ್ಲಿ ಚೀಲ ಚಿಕ್ಕದಾಯಿತು. ಆಮೇಲೆ ದೊಡ್ಡಪ್ಪ ಬರಿಗೈಯಲ್ಲಿ ಬರಲು ಸಂಕೋಚವಾಗಿ ನಂಜನಗೂಡು ಹಲ್ಲುಪುಡಿಯ ಡಬ್ಬಿ ತಂದರು. ತೋಟಕ್ಕೆ ಏಲಕ್ಕಿ ಬಾಳೆ ಹಾಕಿದರು. ಹೇಗಿದೆ ಎಂದು ಅಪ್ಪ ಕೇಳಿದ್ದಕ್ಕೆ "ಒಳ್ಳೆ ಹಣ್ಣಪ್ಪ, ಮಾರೋಕೆ" ಎಂದರು.

ಬಾಳೆಯ ಲೋಕದಲ್ಲಿ ಇದು ಹೊಸ ದುಃಖವೂ ಅಲ್ಲ. ಒಂದು ಕಾಲಕ್ಕೆ ಅಮೆರಿಕ, ಯೂರೋಪಿನ ಪೇಟೆಗಳನ್ನೆಲ್ಲ ತುಂಬಿದ್ದ ಗ್ರೋ ಮಿಷೆಲ್ ಎಂಬ ಜಾತಿಯ ತೋಟಗಳನ್ನು ಇದೇ ರೋಗ ನೆಲಕಚ್ಚಿಸಿತು. 1960ರ ಹೊತ್ತಿಗೆ ಆ ವ್ಯಾಪಾರಿಗಳು ಕ್ಯಾವೆಂಡಿಷ್‌ಗೆ, ಅಂದರೆ ನಮ್ಮ ಪಚ್ಚಬಾಳೆಯ ಬಳಗಕ್ಕೆ ತಿರುಗಿಕೊಂಡರು. ಅಲ್ಲಿನ ಮುದುಕರೂ ಮೊಮ್ಮಕ್ಕಳಿಗೆ "ಇದೇನು ಬಾಳೆಹಣ್ಣು, ನಮ್ಮ ಕಾಲದಲ್ಲಿ..." ಎಂದು ಶುರುಮಾಡಿರುತ್ತಾರೆ. ಮೊಮ್ಮಕ್ಕಳು ನಮ್ಮವರ ಹಾಗೆಯೇ ಎದ್ದುಹೋಗಿರುತ್ತಾರೆ.

ಕಳೆದುಕೊಂಡದ್ದಕ್ಕೆಲ್ಲ ಬೈಯಲು ಒಬ್ಬರು ಸಿಕ್ಕರೆ ದುಃಖ ಅರ್ಧ ಇಳಿಯುತ್ತದೆ. ಎಲೆತೋಟ ಕರಗಿದ್ದಕ್ಕೆ ಸೈಟು ಮಾಡಿದವರನ್ನು ಬೈಯಬಹುದು, ಆ ಸೈಟಿನಲ್ಲಿ ಮನೆ ಕಟ್ಟಿದ ನಮ್ಮ ನೆಂಟರನ್ನು ಬಿಟ್ಟು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವ ಹೋದಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ಬಿದ್ದಾಗ, ದುರಸ್ತಿ ಮಾಡಲಿಲ್ಲವೆಂದು ಊರೇ ಬೈಯಿತು. ರಸಬಾಳೆಗೆ ಯಾರನ್ನು ಬೈಯುವುದು? ಕಣ್ಣಿಗೆ ಕಾಣದ ಬೂಷ್ಟನ್ನೇ? ತೋಟಗಾರಿಕೆ ಇಲಾಖೆ ರೋಗವಿಲ್ಲದ ಅಂಗಾಂಶ ಕೃಷಿಯ ಸಸಿ ಕೊಟ್ಟು ನೋಡಿದೆ. ಸಸಿ ಶುದ್ಧವೇ, ನೆಡುವ ಮಣ್ಣು ಹಳೆಯದು. ಹಣ್ಣಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಬೇರೆಯವರು ಹೆಸರು ಕದಿಯದಂತೆ ಕಾನೂನು ಕಾಯುತ್ತದೆ, ಗಿಡವನ್ನು ಕಾಯುವುದು ಅದರ ಕೈಯಲ್ಲಿಲ್ಲ.

ದೊಡ್ಡಪ್ಪ ತೀರಿಕೊಂಡದ್ದು ಒಂದು ಮಾಘದಲ್ಲಿ. ವೈಕುಂಠ ಸಮಾರಾಧನೆಯ ದಿನ ಅಡುಗೆಯವರು ರಸಾಯನ ಮಾಡಿದ್ದರು, ಏಲಕ್ಕಿ ಬಾಳೆಯದು. ಅದರ ತಪ್ಪೇನೂ ಇರಲಿಲ್ಲ. ಕಾಯಿಹಾಲು ಗಟ್ಟಿಯಾಗಿತ್ತು, ಬೆಲ್ಲ ಹದವಾಗಿತ್ತು. ಪಂಕ್ತಿಯ ಕೊನೆಯಲ್ಲಿ ಕೂತಿದ್ದ ದೊಡ್ಡಮ್ಮ ಒಂದು ಚೂರು ಬಾಯಿಗಿಟ್ಟು ನನ್ನ ಕಡೆ ನೋಡಿ, "ನಿಮ್ಮ ದೊಡ್ಡಪ್ಪ ಇದ್ದಿದ್ರೆ ಎಲೆ ಮೂಲೆಗೆ ಸರಿಸೋರು ಕಣೋ" ಎಂದು ನಕ್ಕರು. ಪಕ್ಕದವರಿಗೆ ಅಂಥ ದಿನ ಅವರು ನಕ್ಕದ್ದು ಸರಿ ಕಾಣಲಿಲ್ಲ. ನನಗೆ ಮಾತ್ರ ಆ ಹನ್ನೆರಡು ದಿನಗಳಲ್ಲಿ ದೊಡ್ಡಪ್ಪನ ಬಗ್ಗೆ ಆಡಿದ ಮಾತುಗಳಲ್ಲೆಲ್ಲ ನಿಜವಾದದ್ದು ಅದೊಂದೇ ಎನ್ನಿಸಿತು. ಉಳಿದವರು ಅವರನ್ನು ಸಾಧು, ನಿಗರ್ವಿ ಎಂದೆಲ್ಲ ಹೊಗಳುತ್ತಿದ್ದರು. ಬಾಳೆಹಣ್ಣಿನ ವಿಷಯದಲ್ಲಿ ಅವರಷ್ಟು ಗರ್ವಿಷ್ಠರನ್ನು ನಾನು ಕಂಡಿಲ್ಲ.

ಈಗಲೂ ದಸರೆಗೆ ಮನೆಗಳಲ್ಲಿ ಗೊಂಬೆ ಕೂರಿಸುತ್ತಾರೆ, ಕೆಲವು ಮನೆಗಳಲ್ಲಿ ಮೊದಲಿಗಿಂತ ಜೋರಾಗಿ. ಪ್ರದರ್ಶನದಲ್ಲಿ ಡೆಲ್ಲಿ ಹಪ್ಪಳ ಸಿಗುತ್ತದೆ, ಅಂಗಿಯ ಮೇಲೆ ಬೀಳುತ್ತದೆ. ಅವರೆಕಾಯಿ ಚಳಿಗೆ ಮೊದಲೇ ಬಂದು ಚಳಿ ಹೋದ ಮೇಲೂ ಇರುತ್ತದೆ, ಸೊಗಡಿನ ಮಾತು ಬೇರೆ. ಹಾಗಾಗಿ ಎಲ್ಲ ಹೋಯಿತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಸಾಮಾನ್ಯವಾಗಿ ಊರನ್ನು ಬಿಟ್ಟು ಹೋದವರು. ಹೋದದ್ದು ಕೆಲವೇ. ಅದರಲ್ಲಿ ಒಂದು ಪೂರಾ ಹೋಗಿಲ್ಲ ಎಂಬುದೂ ನಿಜ: ನಂಜನಗೂಡಿನ ಸುತ್ತ ಇವತ್ತಿಗೂ ಕೆಲವರು ಹಟ ಹಿಡಿದು ರಸಬಾಳೆ ನೆಡುತ್ತಾರೆ, ಒಂದಷ್ಟು ಸೊರಗುತ್ತವೆ, ಒಂದಷ್ಟು ಗೊನೆ ಹಾಕುತ್ತವೆ.

ದೇವರಾಜ ಮಾರುಕಟ್ಟೆಯಲ್ಲೋ ನಂಜನಗೂಡಿನ ದೇವಸ್ಥಾನದ ಬೀದಿಯಲ್ಲೋ ಯಾರಾದರೂ ರಸಬಾಳೆ ಎಂದು ಚಿಪ್ಪನ್ನು ಮುಂದೊಡ್ಡಿದರೆ ಯಾವ ಹಳ್ಳಿಯದು ಎಂದು ಕೇಳಿ. ತಮಿಳುನಾಡಿನ ರಸ್ತಾಳಿ ಅದರ ಒಡಹುಟ್ಟೇ, ಚೆನ್ನಾಗಿಯೇ ಇರುತ್ತದೆ, ಆದರೆ ಕಪಿಲೆಯ ದಡದ ಮಣ್ಣಿನದಲ್ಲ. ದೇವರಸನಹಳ್ಳಿ ಕಡೆಯದೇ ಎಂದು ನಂಬಿಕೆ ಬಂದರೆ ಕೇಳಿದಷ್ಟು ಕೊಟ್ಟು ತನ್ನಿ. ಏಲಕ್ಕಿ ಬಾಳೆಯ ದರ ಹೇಳಿ ಚೌಕಾಸಿ ಮಾಡಬೇಡಿ. ಚುಕ್ಕೆ ಬರುವವರೆಗೆ ತಡೆಯಿರಿ. ಫ್ರಿಜ್ಜಿನಲ್ಲಂತೂ ಇಡಲೇಬೇಡಿ.